ಪಕ್ಕದಿಂದ ನೋಡಿ: ನೀರಿನಲ್ಲಿ ತೇಲುವ ಕಣಗಳನ್ನು ಬೆಳಕಿನಿಂದ ಅಳೆಯುವ ಬಗೆ

ಒಂದೇ ಥರದ ಎರಡು ಗಾಜಿನ ಬಾಟಲಿ ತೆಗೆದುಕೊಂಡು ಎರಡಕ್ಕೂ ಭಟ್ಟಿ ಇಳಿಸಿದ ನೀರು ತುಂಬಿ. ಕಡ್ಡಿಯೊಂದನ್ನು ಹಾಲಿನಲ್ಲಿ ಅದ್ದಿ, ಕೊಡವಿ, ಅದರ ತುದಿಯನ್ನು ಒಂದು ಬಾಟಲಿಯ ನೀರಿಗೆ ಮಾತ್ರ ಮುಟ್ಟಿಸಿ ಅಲ್ಲಾಡಿಸಿ. ಕಿಟಕಿಯ ಬೆಳಕಿಗೆ ಹಿಡಿದರೆ ಎರಡೂ ತಿಳಿನೀರೇ. ಈಗ ಕೋಣೆಯನ್ನು ಕತ್ತಲು ಮಾಡಿ, ಟಾರ್ಚಿನ ಸಪೂರ ಬೆಳಕನ್ನು ಎರಡರ ಮೂಲಕವೂ ಹಾಯಿಸಿ ಪಕ್ಕದಿಂದ ನೋಡಿ. ಒಂದರಲ್ಲಿ ಬೆಳಕಿನ ಹಾದಿ ಕಂಡೂ ಕಾಣದಂತಿರುತ್ತದೆ. ಇನ್ನೊಂದರಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಹೊಗೆಬಣ್ಣದ ಕೋಲೊಂದು ಮೂಡಿರುತ್ತದೆ.

ಬಿಸಿಲುಕೋಲಿನಲ್ಲಿ ದೂಳು ಕಾಣುವುದೂ ಹೀಗೆಯೇ. ಕಣ ತನ್ನ ಮೇಲೆ ಬಿದ್ದ ಬೆಳಕನ್ನು ಸುತ್ತಲೂ ಚದುರಿಸುತ್ತದೆ, ಅದರಲ್ಲೊಂದು ಪಾಲು ನಮ್ಮ ಕಣ್ಣಿಗೆ ಬರುತ್ತದೆ. ಮೈಕೆಲ್ ಫ್ಯಾರಡೆ 1857ರಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳಿರುವ ಮಾಣಿಕ್ಯಗೆಂಪು ದ್ರವ ತಯಾರಿಸಿದಾಗ, ಅದು ಬರೀ ದ್ರಾವಣವಲ್ಲ, ಒಳಗೆ ಕಣಗಳಿವೆ ಎಂದು ಅವರಿಗೆ ತಿಳಿದದ್ದು ಅದರೊಳಗೆ ಬೆಳಕಿನ ಶಂಕುವೊಂದನ್ನು ಹಾಯಿಸಿದಾಗ. ಮುಂದೆ ಇದನ್ನು ವಿವರವಾಗಿ ಅಭ್ಯಸಿಸಿದ ಜಾನ್ ಟಿಂಡಾಲ್ ಅವರ ಹೆಸರೇ ಈ ಪರಿಣಾಮಕ್ಕೆ ನಿಂತಿತು.

ಪಕ್ಕದಿಂದಲೇ ಏಕೆ ನೋಡಬೇಕು? ನೀರಿನ ಕಣಗಳು ಸಾವಿರ ಪಾಲು ಬೆಳಕಿನಲ್ಲಿ ಒಂದು ಪಾಲನ್ನು ಚದುರಿಸುತ್ತವೆ ಎಂದುಕೊಳ್ಳಿ. ಎದುರಿನಿಂದ ನೋಡುವವನು 1000ಕ್ಕೂ 999ಕ್ಕೂ ಇರುವ ವ್ಯತ್ಯಾಸವನ್ನು ಹಿಡಿಯಬೇಕು. ಟಾರ್ಚಿನ ಬ್ಯಾಟರಿ ಸ್ವಲ್ಪ ಇಳಿದರೂ ಅಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಪಕ್ಕದಲ್ಲಿ ನಿಂತವನಿಗೆ ಹಿನ್ನೆಲೆ ಕತ್ತಲು. ಅಲ್ಲಿ ಏನು ಹೊಳೆದರೂ ಅದು ಕಣದಿಂದ ಬಂದದ್ದು. ನೀರಿನ ಬಗ್ಗಡ ಅಳೆಯುವ ನೆಫೆಲೋಮೀಟರ್ ಎಂಬ ಉಪಕರಣವೂ ಬೆಳಕಿನ ದಾರಿಗೆ 90 ಡಿಗ್ರಿಯಲ್ಲಿ ಕಣ್ಣಿಟ್ಟು ಕೂತಿರುವುದು ಇದಕ್ಕಾಗಿಯೇ. ಅಂಥದ್ದೊಂದನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು.

ಹಂತ 1: ಕತ್ತಲ ಪೆಟ್ಟಿಗೆ

ಬೇಕಾಗುವುದು ಇಷ್ಟು: ರಟ್ಟಿನ ಪೆಟ್ಟಿಗೆ, ಚಪ್ಪಟೆ ಗೋಡೆಯ ಚೌಕ ಗಾಜಿನ ಬಾಟಲಿ, ಎಲ್‌ಇಡಿ ಟಾರ್ಚ್, ಕ್ಯಾಮೆರಾ ಇರುವ ಮೊಬೈಲ್, ಸೂಜಿಯಿಲ್ಲದ ಸಿರಿಂಜ್, ಭಟ್ಟಿ ಇಳಿಸಿದ ನೀರು, ಹೊಳಪಿಲ್ಲದ ಕಪ್ಪು ಕಾಗದ. ದುಂಡನೆಯ ಬಾಟಲಿ ಮಸೂರದಂತೆ ಬೆಳಕನ್ನು ಬಾಗಿಸುತ್ತದೆ, ಆದ್ದರಿಂದ ಚೌಕದ್ದೇ ಇರಲಿ.

ಪೆಟ್ಟಿಗೆಯ ಒಳಮೈಗೆಲ್ಲ ಕಪ್ಪು ಕಾಗದ ಅಂಟಿಸಿ. ಒಂದು ಬದಿಯಲ್ಲಿ ಟಾರ್ಚಿಗೆ ಪೆನ್ಸಿಲ್ ದಪ್ಪದ ಕಂಡಿ ಕೊರೆಯಿರಿ. ಅದಕ್ಕೆ ಲಂಬವಾಗಿರುವ ಬದಿಯಲ್ಲಿ, ಅದೇ ಎತ್ತರಕ್ಕೆ, ಕ್ಯಾಮೆರಾಕ್ಕೆ ಇನ್ನೊಂದು. ಟಾರ್ಚಿನ ಎದುರು ಬದಿಗೆ ಬರುವ ಬೆಳಕು ಅಲ್ಲಿ ತಾಗಿ ವಾಪಸು ಬಂದರೆ ಅಳತೆ ಕೆಟ್ಟಂತೆ. ಅಲ್ಲೊಂದು ದೊಡ್ಡ ತೂತು ಮಾಡಿ, ಕಪ್ಪು ಕಾಗದವನ್ನು ಉದ್ದ ಕೊಳವೆಯಂತೆ ಸುತ್ತಿ ಹೊರಗೆ ಅಂಟಿಸಿ, ತುದಿಯನ್ನು ಮಡಚಿ ಮುಚ್ಚಿ. ಒಳಹೊಕ್ಕ ಬೆಳಕು ಆ ಕೊಳವೆಯಲ್ಲೇ ಸತ್ತುಹೋಗುತ್ತದೆ. ಈ ಕೆಲಸಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿದರೂ ಹಿಡಿಯಲಿ. ಉಪಕರಣದ ಗುಣ ನಿರ್ಧಾರವಾಗುವುದು ಇಲ್ಲೇ.

ಬಾಟಲಿ ನಿಲ್ಲುವ ಜಾಗವನ್ನು ತಳದಲ್ಲಿ ಗೆರೆ ಎಳೆದು ಗುರುತಿಸಿ. ಬಾಟಲಿಯ ಒಂದು ಮುಖಕ್ಕೂ ಗುರುತು ಹಾಕಿ, ಪ್ರತಿ ಸಲವೂ ಅದೇ ಮುಖ ಟಾರ್ಚಿನ ಕಡೆಗಿರಲಿ.

ಲೇಸರ್ ಪಾಯಿಂಟರ್ ಇದ್ದವರು ಅದನ್ನೂ ಬಳಸಬಹುದು. ಕಣ್ಣಿಗೆ ತೋರಿಸಲು ಅದರಷ್ಟು ಚೆಂದದ ಸಾಧನ ಇನ್ನೊಂದಿಲ್ಲ. ಆದರೆ 1 ಮಿಲಿವ್ಯಾಟ್‌ಗಿಂತ ಹೆಚ್ಚಿನದ್ದು ಬೇಡ. ಅದರ ಕಿರಣವನ್ನಾಗಲಿ, ಗಾಜಿಗೆ ತಾಗಿ ಹಿಂದಿರುಗುವ ಹೊಳಪನ್ನಾಗಲಿ ಯಾರ ಕಣ್ಣಿಗೂ ಬೀಳಲು ಬಿಡಬಾರದು. ಮಕ್ಕಳ ಕೈಗಂತೂ ಕೊಡಲೇಬೇಡಿ.

ಹಂತ 2: ಕ್ಯಾಮೆರಾಕ್ಕೆ ಲಗಾಮು

ಮೊಬೈಲ್ ಕ್ಯಾಮೆರಾ ಕತ್ತಲಾದರೆ ತಾನಾಗಿಯೇ ಚಿತ್ರವನ್ನು ಬೆಳಗಿಸುತ್ತದೆ, ಬೆಳಕು ಹೆಚ್ಚಾದರೆ ಮಂಕು ಮಾಡುತ್ತದೆ. ನಾವು ಅಳೆಯಹೊರಟ ವ್ಯತ್ಯಾಸವನ್ನೇ ಅದು ಅಳಿಸಿಹಾಕುತ್ತದೆ. ಆದ್ದರಿಂದ ಪ್ರೊ ಮೋಡ್‌ಗೆ ಹೋಗಿ ಐಎಸ್‌ಒ, ಶಟರ್ ವೇಗ, ಫೋಕಸ್, ವೈಟ್ ಬ್ಯಾಲೆನ್ಸ್ ನಾಲ್ಕನ್ನೂ ಕೈಯಾರೆ ಹೊಂದಿಸಿ ಬೀಗ ಹಾಕಿ. ಅಳೆಯಬೇಕಾದವುಗಳಲ್ಲಿ ಅತಿ ಬಗ್ಗಡದ ಮಾದರಿಯನ್ನು ಮೊದಲು ಇಟ್ಟು, ಬೆಳಕಿನ ಕೋಲು ಪೂರ್ತಿ ಬಿಳಿಚಿಕೊಳ್ಳದಂತೆ ಶಟರ್ ಆರಿಸಿಕೊಳ್ಳಿ. ಆಮೇಲೆ ಯಾವುದನ್ನೂ ಮುಟ್ಟಬೇಡಿ.

ಚಿತ್ರ ತೆಗೆದ ಮೇಲೆ, ಕೋಲಿನ ನಟ್ಟನಡುವಿನ ಒಂದು ಸಣ್ಣ ಚೌಕದ ಸರಾಸರಿ ಹೊಳಪನ್ನು ಫೋಟೊ ತಿದ್ದುವ ತಂತ್ರಾಂಶದಲ್ಲಿ ಓದಿಕೊಳ್ಳಿ. 0ಯಿಂದ 255ರವರೆಗಿನ ಒಂದು ಅಂಕಿ ಸಿಗುತ್ತದೆ. ಎಲ್ಲ ಚಿತ್ರಗಳಲ್ಲೂ ಚೌಕ ಅದೇ ಜಾಗದಲ್ಲಿರಬೇಕು. ಪ್ರತಿ ಮಾದರಿಗೆ ಐದು ಚಿತ್ರ ತೆಗೆದು, ಐದರ ನಡುವಿನ ಅಂಕಿಯನ್ನು ಬರೆದುಕೊಳ್ಳಿ.

ಹಂತ 3: ಖಾಲಿ ನೀರಿನ ಓದು

ಅವಸರದಲ್ಲಿ ಹೆಚ್ಚಿನವರು ಹಾರಿಸುವ ಹಂತ ಇದು. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಏನೂ ಬೆರೆಸದ ಭಟ್ಟಿ ಇಳಿಸಿದ ನೀರನ್ನು ಇಟ್ಟು ಚಿತ್ರ ತೆಗೆಯಿರಿ. ಅಂಕಿ ಸೊನ್ನೆ ಬರುವುದಿಲ್ಲ. ಗಾಜಿನ ಮೇಲಿನ ಬೆರಳಚ್ಚು, ದೂಳು, ಗೀರು ಎಲ್ಲವೂ ಬೆಳಕು ಚದುರಿಸುತ್ತವೆ. ಅವನ್ನೆಲ್ಲ ತೊಡೆದುಹಾಕಿದರೂ ನೀರಿನ ಅಣುಗಳು ಉಳಿಯುತ್ತವೆ. 1921ರ ಹಡಗು ಪ್ರಯಾಣದಲ್ಲಿ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ಕಂಡ ಸಿ.ವಿ. ರಾಮನ್, ಅದು ಆಕಾಶದ ಪ್ರತಿಬಿಂಬವಷ್ಟೇ ಎಂಬ ಮಾತನ್ನು ಒಪ್ಪದೆ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ಪೂರ್ತಿ ಕತ್ತಲಾದ ನೀರು ಎಂಬುದೇ ಇಲ್ಲ. ಈ ಖಾಲಿ ಓದನ್ನು ಮುಂದಿನ ಎಲ್ಲ ಓದುಗಳಿಂದ ಕಳೆಯಬೇಕು.

ದೊಡ್ಡ ಮೋಸಗಾರ ಗಾಳಿಗುಳ್ಳೆ. ಒಮ್ಮೆ ನನ್ನ ಖಾಲಿ ನೀರಿನ ಓದು ಮಧ್ಯಾಹ್ನದವರೆಗೆ ಏರುತ್ತಲೇ ಹೋಯಿತು. ನೀರು ಕೆಟ್ಟಿದೆಯೆಂದು ಮೂರು ಸಲ ಬದಲಿಸಿದೆ. ಕೊನೆಗೆ ಭೂತಗನ್ನಡಿ ಹಿಡಿದು ನೋಡಿದರೆ ಗಾಜಿನ ಒಳಮೈ ತುಂಬ ಮಣಿಮಣಿಯಾಗಿ ಗುಳ್ಳೆ. ತಣ್ಣಗಿದ್ದ ನೀರು ಕೋಣೆಯ ಬಿಸಿಗೆ ಬರುವಾಗ ಕರಗಿದ್ದ ಗಾಳಿಯನ್ನು ಬಿಟ್ಟುಕೊಡುತ್ತಿತ್ತು. ಅಂದಿನಿಂದ ನೀರನ್ನು ಕೋಣೆಯಲ್ಲೇ ಕೆಲವು ಗಂಟೆ ಇಟ್ಟು ಬಳಸುತ್ತೇನೆ, ಬಾಟಲಿಯನ್ನು ಕುಲುಕದೆ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸುತ್ತೇನೆ.

ಹಂತ 4: ಅಳತೆಗೋಲು

ಓದು 84 ಬಂದರೆ ಅದರರ್ಥವೇನು? ಗೊತ್ತಿರುವ ಮಾದರಿಗಳ ಜೊತೆ ಹೋಲಿಸುವವರೆಗೆ ಏನೂ ಇಲ್ಲ. ಪ್ರಯೋಗಾಲಯಗಳು ಫಾರ್ಮಜಿನ್ ಎಂಬ ಪ್ರಮಾಣದ್ರವವನ್ನು ಬಳಸಿ ಬಗ್ಗಡವನ್ನು ಎನ್‌ಟಿಯು ಎಂಬ ಮಾನದಲ್ಲಿ ಹೇಳುತ್ತವೆ. ಫಾರ್ಮಜಿನ್ ತಯಾರಿಸಲು ವಿಷಕಾರಿ ಹೈಡ್ರಜೀನ್ ಸಲ್ಫೇಟ್ ಬೇಕು, ಮನೆಯಲ್ಲಿ ಆ ಗೊಡವೆಗೆ ಹೋಗಬಾರದು. ನಮ್ಮ ಕೆಲಸಕ್ಕೆ ಹಾಲು ಸಾಕು.

1 ಮಿಲಿಲೀಟರ್ ಹಾಲನ್ನು ಭಟ್ಟಿ ನೀರಿಗೆ ಹಾಕಿ 1 ಲೀಟರ್ ಮಾಡಿ. ಇದು ಮೂಲದ್ರವ, ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು ಹಾಲು. ಇದರಿಂದ 1, 2, 4, 8, 16 ಮಿಲಿಲೀಟರ್ ತೆಗೆದು, ಪ್ರತಿಯೊಂದಕ್ಕೂ ನೀರು ಸೇರಿಸಿ 100 ಮಿಲಿಲೀಟರ್ ಮಾಡಿದರೆ 10, 20, 40, 80, 160 ಪಾಲಿನ ಸರಣಿ ಸಿದ್ಧ. ತಿಳಿಯಾದದ್ದರಿಂದ ಬಗ್ಗಡದ್ದರ ಕಡೆಗೆ ಅಳೆಯುತ್ತ ಹೋಗಿ; ತಿರುಗುಮುರುಗು ಮಾಡಿದರೆ ಬಾಟಲಿಗೆ ಅಂಟಿದ ಹಳೆಯ ಹನಿ ಮುಂದಿನದನ್ನು ಕೆಡಿಸುತ್ತದೆ. ಹಾಲು ಒಡೆಯುವ ಮೊದಲೇ ಕೆಲಸ ಮುಗಿಯಬೇಕು, ಸರಣಿಯನ್ನು ಎತ್ತಿಟ್ಟು ನಾಳೆಗೆ ಬಳಸುವಂತಿಲ್ಲ. ಹಾಲಿನಿಂದ ಹಾಲಿಗೆ ಕೊಬ್ಬು ಬೇರೆಯಾದ್ದರಿಂದ ಈ ಅಳತೆ ನಿಮ್ಮ ಪೆಟ್ಟಿಗೆಯ ಮಟ್ಟಿಗೆ ಮಾತ್ರ ನಿಜ.

ಓದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ಕಣ ಹೆಚ್ಚಾದಂತೆ ಓದು ಏರುತ್ತದೆ, ಮುಂದೆ ಬಾಗುತ್ತದೆ. ಕ್ಯಾಮೆರಾದ ಅಂಕಿಗಳೇ ಬೆಳಕಿಗೆ ಸರಿಸಮವಾಗಿ ಏರುವುದಿಲ್ಲ ಎಂಬುದು ಬಾಗಿಗೆ ಒಂದು ಕಾರಣ, ಅದನ್ನು ಗ್ರಾಫೇ ಸರಿದೂಗಿಸುತ್ತದೆ. ಇನ್ನೊಂದು ಕಾರಣ ನೀರಿನೊಳಗೇ ಇದೆ. ಕಣಗಳು ಕಿಕ್ಕಿರಿದಾಗ ಒಂದು ಚದುರಿಸಿದ ಬೆಳಕನ್ನು ಇನ್ನೊಂದು ಮತ್ತೆ ಚದುರಿಸುತ್ತದೆ, ಒಳಗಿನ ಹೊಳಪು ಕ್ಯಾಮೆರಾದವರೆಗೆ ಬರುವುದೇ ಇಲ್ಲ. ಇನ್ನೂ ಹಾಲು ಸುರಿದರೆ ಓದು ಇಳಿಯಲೂಬಹುದು. ಹಾಗಾಗಿ ಒಂದೇ ಅಂಕಿಯನ್ನು ತೀರಾ ತಿಳಿಯಾದ ನೀರೂ ಕೊಟ್ಟೀತು, ತೀರಾ ಬಗ್ಗಡದ್ದೂ ಕೊಟ್ಟೀತು. ಇದಕ್ಕೆ ಪರಿಹಾರ ಸರಳ. ಅನುಮಾನ ಬಂದ ಮಾದರಿಗೆ ಅಷ್ಟೇ ಭಟ್ಟಿ ನೀರು ಸೇರಿಸಿ ಮತ್ತೆ ಅಳೆಯಿರಿ. ಗ್ರಾಫಿನ ಪ್ರಕಾರ ಕಣದ ಪ್ರಮಾಣ ಅರ್ಧವಾಯಿತೇ? ಮೊದಲ ಓದು ಸರಿ. ಅರ್ಧವಾಗದಿದ್ದರೆ, ಅರ್ಧವಾಗುವವರೆಗೆ ತಿಳಿಯಾಗಿಸುತ್ತ ಹೋಗಿ.

ಹಂತ 5: ಎಷ್ಟು ಎಂಬುದಾಯಿತು, ಎಷ್ಟು ದೊಡ್ಡದು?

ಇಲ್ಲಿಂದ ಮುಂದೆ ನಿಜವಾದ ಸೊಗಸು. ಬೆಳಕಿನ ತರಂಗಾಂತರಕ್ಕಿಂತ ತೀರಾ ಚಿಕ್ಕದಾದ ಕಣಗಳಿಗೆ ಲಾರ್ಡ್ ರ‍್ಯಾಲಿ 1871ರಲ್ಲಿ ಕೊಟ್ಟ ನಿಯಮ ಅನ್ವಯಿಸುತ್ತದೆ: ಚದುರುವಿಕೆ ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮ. 450 ನ್ಯಾನೊಮೀಟರಿನ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ನೀಲಿ ಬೆಳಕು 650ರ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ಕೆನೆ ತೆಗೆದ ಹಾಲನ್ನು ತೆಳುವಾಗಿ ಬೆರೆಸಿ ಬಿಳಿ ಟಾರ್ಚ್ ಹಾಯಿಸಿದರೆ ಪಕ್ಕದಲ್ಲಿ ನೀಲಿಛಾಯೆ, ಎದುರಿಗೆ ಉಳಿದ ಬೆಳಕಿನಲ್ಲಿ ಹಳದಿ-ಕಿತ್ತಳೆ. ಅಲ್ಲಿ ಕೆಲಸ ಮಾಡುವುದು ಕೇಸೀನ್ ಎಂಬ ಪ್ರೊಟೀನಿನ ಅತಿಸಣ್ಣ ಉಂಡೆಗಳು. ಕೆನೆಹಾಲಿನ ಕೊಬ್ಬಿನ ಗೋಲಿಗಳು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ, ಗಾತ್ರದವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸಿ ಬೆಳ್ಳಗೆ ಕಾಣುತ್ತವೆ. ಅಷ್ಟು ದೊಡ್ಡ ಕಣಗಳ ಲೆಕ್ಕವನ್ನು ಗುಸ್ಟಾವ್ ಮೀ 1908ರಲ್ಲಿ ಬಿಡಿಸಿದರು.

ಎರಡನೆಯ ಸುಳಿವಿಗೆ ಪೋಲರಾಯ್ಡ್ ಕನ್ನಡಕ ಬೇಕು. ಅದನ್ನು ಕ್ಯಾಮೆರಾ ಕಂಡಿಯ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಕೋಲಿನ ಹೊಳಪು ಒಂದು ಕೋನದಲ್ಲಿ ತುಂಬ ಕುಗ್ಗಿದರೆ ಕಣಗಳು ಚಿಕ್ಕವು. ಹೆಚ್ಚೇನೂ ಬದಲಾಗದಿದ್ದರೆ ದೊಡ್ಡವು, ಇಲ್ಲವೇ ನೀರು ತೀರಾ ಬಗ್ಗಡ. ಈ ಪರೀಕ್ಷೆಗೆ ಟಾರ್ಚೇ ಸರಿ. ಲೇಸರಿನ ಬೆಳಕು ಎಷ್ಟೋ ಸಲ ಮೊದಲೇ ಧ್ರುವೀಕೃತವಾಗಿರುತ್ತದೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ.

ಮೂರನೆಯದು ಕಾಲ. ಜೇಡಿಮಣ್ಣಿನ ನೀರನ್ನು ಚೆನ್ನಾಗಿ ಬೆರೆಸಿ ಪೆಟ್ಟಿಗೆಯೊಳಗೆ ಅಲುಗಾಡದಂತೆ ಇಡಿ, ಹೊತ್ತು ಬರೆದುಕೊಂಡು ಚಿತ್ರ ತೆಗೆಯುತ್ತ ಹೋಗಿ. ಸ್ಟೋಕ್ಸ್ ನಿಯಮದ ಪ್ರಕಾರ, ಕೋಣೆಯ ಉಷ್ಣತೆಯ ನೀರಿನಲ್ಲಿ 10 ಮೈಕ್ರಾನಿನ ಖನಿಜ ಕಣ ಸೆಕೆಂಡಿಗೆ ಸುಮಾರು 0.09 ಮಿಲಿಮೀಟರ್ ಇಳಿಯುತ್ತದೆ. ಬೆಳಕಿನ ಕೋಲು ನೀರಿನ ಮೇಲ್ಮೈಯಿಂದ 10 ಸೆಂಟಿಮೀಟರ್ ಕೆಳಗಿದ್ದರೆ, ಹತ್ತೊಂಬತ್ತು ನಿಮಿಷದ ಹೊತ್ತಿಗೆ ಆ ಗಾತ್ರದವು ಮತ್ತು ಅದಕ್ಕಿಂತ ದೊಡ್ಡವು ಕೋಲನ್ನು ದಾಟಿ ಕೆಳಗಿಳಿದಿರುತ್ತವೆ. ಆಗ ಕುಗ್ಗಿದ ಹೊಳಪು ಅವುಗಳ ಪಾಲು. ವ್ಯಾಸ ಹತ್ತರಲ್ಲಿ ಒಂದಾದರೆ ವೇಗ ನೂರರಲ್ಲಿ ಒಂದು: 1 ಮೈಕ್ರಾನಿನ ಕಣಕ್ಕೆ ಅದೇ ದೂರಕ್ಕೆ 31 ಗಂಟೆ ಹಿಡಿಯುತ್ತದೆ. ಜರಡಿ ಹಿಡಿಯಲಾಗದ್ದನ್ನು ಗಡಿಯಾರ ಹಿಡಿದು ಜರಡಿಯಾಡಿಸಿದಂತೆ ಇದು.

ಪ್ರಯೋಗಾಲಯದಲ್ಲಿ ಇನ್ನೂ ಚಿಕ್ಕದಕ್ಕೆ

ನ್ಯಾನೊಮೀಟರ್ ಗಾತ್ರದವು ಸುಲಭಕ್ಕೆ ಕೆಳಗಿಳಿಯುವುದಿಲ್ಲ, ನೀರಿನ ಅಣುಗಳ ತಾಡನಕ್ಕೆ ಸಿಕ್ಕಿ ಅತ್ತಿತ್ತ ಕುಣಿಯುತ್ತಿರುತ್ತವೆ. ರಾಬರ್ಟ್ ಬ್ರೌನ್ 1827ರಲ್ಲಿ ಸೂಕ್ಷ್ಮದರ್ಶಕದಡಿ ಕಂಡ, ಐನ್‌ಸ್ಟೈನ್ 1905ರಲ್ಲಿ ವಿವರಿಸಿದ ಚಲನೆ ಇದು. ಚಿಕ್ಕ ಕಣದ ಕುಣಿತ ಚುರುಕು, ದೊಡ್ಡದರದ್ದು ನಿಧಾನ. ಲೇಸರ್ ಬೆಳಕು ಇವುಗಳಿಂದ ಚದುರಿದಾಗ ಮಿನುಗುತ್ತದೆ. ಮಿನುಗು ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ಅಳೆದು ಗಾತ್ರ ಲೆಕ್ಕ ಹಾಕುವ ವಿಧಾನಕ್ಕೆ ಡೈನಮಿಕ್ ಲೈಟ್ ಸ್ಕ್ಯಾಟರಿಂಗ್ ಎನ್ನುತ್ತಾರೆ. ಅಲ್ಲಿ ಶುಚಿತ್ವಕ್ಕೆ ಇಷ್ಟು ಬೆಲೆ ಏಕೆಂದರೆ, ಚಿಕ್ಕ ಕಣಗಳ ಚದುರುವಿಕೆ ವ್ಯಾಸದ ಆರನೇ ಘಾತದಂತೆ ಏರುತ್ತದೆ. 50 ನ್ಯಾನೊಮೀಟರಿನ ಒಂದು ಕಣ 10 ನ್ಯಾನೊಮೀಟರಿನ ಹದಿನೈದು ಸಾವಿರಕ್ಕೂ ಹೆಚ್ಚು ಕಣಗಳಷ್ಟು ಹೊಳೆಯುತ್ತದೆ. ಹೊರಗಿನ ಒಂದು ದೂಳು ಬಿದ್ದರೆ ಉಳಿದದ್ದೆಲ್ಲ ಅದರ ಬೆಳಕಿನಲ್ಲಿ ಮುಳುಗಿಹೋಗುತ್ತದೆ.

ಒಂದು ಎಚ್ಚರಿಕೆ

ಈ ಪೆಟ್ಟಿಗೆಯಿಂದ ಕುಡಿಯುವ ನೀರು ಸುರಕ್ಷಿತವೋ ಅಲ್ಲವೋ ಎಂದು ತೀರ್ಮಾನಿಸಬೇಡಿ. ಬರಿಗಣ್ಣಿಗೆ ಬಗ್ಗಡ ಕಾಣತೊಡಗುವುದು ಸುಮಾರು 4 ಎನ್‌ಟಿಯುನಿಂದ. ಸೋಂಕು ನಿವಾರಿಸುವ ಮೊದಲು ನೀರು 1 ಎನ್‌ಟಿಯುಗಿಂತ ಕೆಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಣಗಳ ಮರೆಯಲ್ಲಿ ಸೂಕ್ಷ್ಮಜೀವಿಗಳು ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುತ್ತವೆ ಎಂಬುದು ಇದಕ್ಕೆ ಕಾರಣ. ಕರಗಿದ ಆರ್ಸೆನಿಕ್, ಫ್ಲೋರೈಡ್ ಮಾತ್ರ ಯಾವ ಟಾರ್ಚಿಗೂ ಕಾಣುವುದಿಲ್ಲ. ಅವಕ್ಕೆ ರಾಸಾಯನಿಕ ಪರೀಕ್ಷೆಯೇ ಆಗಬೇಕು.

ಜೇಡಿಮಣ್ಣಿನ ಬಾಟಲಿಯನ್ನು ಅಳತೆ ಮುಗಿದ ಕೂಡಲೇ ತೊಳೆಯಬೇಡಿ. ಎರಡು ದಿನ ಹಾಗೇ ಬಿಟ್ಟು, ತಳದಲ್ಲಿ ಗಸಿ ಕಟ್ಟಿ ಮೇಲಿನ ನೀರು ತಿಳಿಯಾದ ಮೇಲೆ ಮತ್ತೊಮ್ಮೆ ಟಾರ್ಚ್ ಹಾಕಿ. ಕೋಲು ಇನ್ನೂ ಕಾಣುತ್ತಿದ್ದರೆ, ನಸುನೀಲಿಯಾಗಿ, ಮೊದಲಿಗಿಂತ ಎಷ್ಟೋ ಮಂಕಾಗಿ, ಅದು ಒಂದು ಮೈಕ್ರಾನಿಗಿಂತ ಚಿಕ್ಕ ಕಣಗಳದ್ದು. ಆ ಓದನ್ನೂ ದಿನಾಂಕದೊಂದಿಗೆ ಬರೆದಿಡಿ.