ಮೈದನಹಳ್ಳಿಯ ಕೃಷ್ಣಮೃಗ: ಒಂಬತ್ತರೊಳಗೆ ಮುಗಿಸಬೇಕಾದ ಫೋಟೊ ಕೆಲಸ

ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಾಯಿತು. ವಿಸ್ತೀರ್ಣ ಸುಮಾರು 798 ಎಕರೆ. ಬಹುಪಾಲು ಬಯಲು, ಅಲ್ಲಲ್ಲಿ ನೀಲಗಿರಿ ಮತ್ತು ಹುಣಸೆ ನೆಡುತೋಪು. ಮಧುಗಿರಿಯಿಂದ ಪುರವರ, ಕೊಡಿಗೇನಹಳ್ಳಿ ಕಡೆಯ ದಾರಿ ಹಿಡಿಯಬೇಕು. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿಯನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಬೆಳಗಿನ ಜಾವ ಗೇಟಿನ ಮುಂದೆ ಕಾಯುತ್ತಾ ನಿಂತರೆ ಒಳ್ಳೆಯ ಬೆಳಕು ಕೈತಪ್ಪುತ್ತದೆ.

ಬೆಳಕಿಗಿಂತ ದೊಡ್ಡ ತೊಂದರೆ ಝಳ. ಬಿಸಿಲೇರುತ್ತಿದ್ದಂತೆ ನೆಲ ಕಾದು, ಹುಲ್ಲಿನ ಮೇಲಿನ ಗಾಳಿ ಕುದಿಯತೊಡಗುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದ ಈ ಅಲುಗಾಟ ಉದ್ದದ ಲೆನ್ಸಿನಲ್ಲಿ ಚಿತ್ರವನ್ನೆಲ್ಲ ಕಲಸಿಹಾಕುತ್ತದೆ. ಫೋಕಸ್ ತಪ್ಪಿತೆಂದು ಲೆನ್ಸನ್ನು ರಿಪೇರಿಗೆ ಕೊಡುವವರೂ ಇದ್ದಾರೆ! ಶಟರ್ ವೇಗ ಹೆಚ್ಚಿಸಿದರೂ, ದುಬಾರಿ ಲೆನ್ಸ್ ತಂದರೂ ಇದು ಸರಿಹೋಗುವುದಿಲ್ಲ. ನಿಮಗೂ ಪ್ರಾಣಿಗೂ ನಡುವಿನ ಬಿಸಿಗಾಳಿ ಕಡಿಮೆಯಾಗಬೇಕು, ಅಷ್ಟೇ. ಆದ್ದರಿಂದ ಸೂರ್ಯ ಹುಟ್ಟುವ ಹೊತ್ತಿಗೆ ಜಾಗದಲ್ಲಿರಿ, ಒಂಬತ್ತರೊಳಗೆ ಮುಖ್ಯ ಚಿತ್ರಗಳನ್ನು ಮುಗಿಸಿಕೊಳ್ಳಿ. ಬೇಸಿಗೆಯಲ್ಲಿ ಎಂಟಕ್ಕೇ ಮುಗಿಯಿತೆಂದುಕೊಳ್ಳಿ. ಕಾರಿನಿಂದಲೇ ತೆಗೆಯುವುದಾದರೆ ಎ.ಸಿ. ಆರಿಸಿ, ಗಾಜು ಇಳಿಸಿ ಹತ್ತು ನಿಮಿಷ ಬಿಡಿ. ಒಳಗಿನ ತಂಪು ಗಾಳಿ ಹೊರಗಿನ ಬಿಸಿಗೆ ಬೆರೆಯುವಾಗ ಕಿಟಕಿಯಲ್ಲೇ ಝಳ ಹುಟ್ಟುತ್ತದೆ. ಎಂಜಿನ್ ಬಂದ್ ಮಾಡಿರಿ. ಬಾನೆಟ್ಟಿನ ಮೇಲಿಂದ ಗುರಿ ಹಿಡಿಯಬೇಡಿ.

ಲೆನ್ಸಿನ ಲೆಕ್ಕ ಹೀಗಿದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (36 ಎಂ.ಎಂ. ಅಗಲದ ಸೆನ್ಸರ್ ಇರುವುದು) 400 ಎಂ.ಎಂ. ಲೆನ್ಸ್ 100 ಮೀಟರ್ ದೂರದಲ್ಲಿ 9 ಮೀಟರ್ ಅಗಲದ ಜಾಗವನ್ನು ಹಿಡಿಯುತ್ತದೆ. ಕೃಷ್ಣಮೃಗದ ಮೈ ಒಂದೂಕಾಲು ಮೀಟರ್ ಆಸುಪಾಸು, ಅಂದರೆ ಚೌಕಟ್ಟಿನ ಏಳರಲ್ಲೊಂದು ಪಾಲು. 600 ಎಂ.ಎಂ. ಇದ್ದರೆ ಐದರಲ್ಲೊಂದು. ಚಿಕ್ಕ ಲೆನ್ಸ್ ಇದೆಯೆಂದು ಕೊರಗಬೇಕಿಲ್ಲ. ಹಿಂಡು, ಬಯಲು, ಹಿಂದಿನ ಬೆಟ್ಟಸಾಲು ಸೇರಿದ ಅಗಲದ ಚಿತ್ರ ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ಟ್ರೈಪಾಡಿಗಿಂತ ದಪ್ಪ ಬಟ್ಟೆಯ ಚೀಲಕ್ಕೆ ಎರಡು ಕೆ.ಜಿ. ರಾಗಿ ತುಂಬಿ, ಬಾಯಿ ಹೊಲಿದು ಕಿಟಕಿಯ ಮೇಲಿಡುವುದು ಮೇಲು. ಗಟ್ಟಿಯಾಗಿ ತುರುಕಬೇಡಿ, ಮುಕ್ಕಾಲು ತುಂಬಿದರೆ ಲೆನ್ಸ್ ಅದರಲ್ಲಿ ಹುದುಗಿ ಕೂರುತ್ತದೆ.

ನಿಂತ ಪ್ರಾಣಿಗೆ ಶಟರ್ ವೇಗ 1/500 ಸೆಕೆಂಡ್ ಸಾಕು, ಓಟಕ್ಕೂ ನೆಗೆತಕ್ಕೂ 1/2000 ಬೇಕು. ಒಣ ಹುಲ್ಲು ಚೌಕಟ್ಟು ತುಂಬಿದಾಗ ಕ್ಯಾಮೆರಾ ಬೆಳಕು ಹೆಚ್ಚೆಂದು ತಿಳಿದು ಚಿತ್ರವನ್ನು ಕಪ್ಪಾಗಿಸುತ್ತದೆ; ಗಂಡಿನ ಕರಿಮೈ ಇದ್ದಿಲಾಗುತ್ತದೆ. ಎಕ್ಸ್‌ಪೋಷರನ್ನು (ಚಿತ್ರಕ್ಕೆ ಬೀಳುವ ಬೆಳಕಿನ ಅಳತೆ) +0.3ರಿಂದ +0.7ಕ್ಕೆ ಏರಿಸಿ. ಆದರೆ ಹೊಟ್ಟೆ, ಕಣ್ಣಿನ ಸುತ್ತಿನ ಬಿಳಿ ಸುಟ್ಟುಹೋಗದಂತೆ ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಬಲತುದಿ ನೋಡುತ್ತಿರಿ. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ತೆಗೆದರೆ ನಂತರ ಕರಿಮೈಯಲ್ಲಿ ಕೂದಲ ವಿವರ ಹೊರತರಬಹುದು. ಎದುರಿನ ಹುಲ್ಲೆಸಳಿಗೆ ಫೋಕಸ್ ಅಂಟಿಕೊಳ್ಳುತ್ತಿದ್ದರೆ ಒಂದೇ ಫೋಕಸ್ ಬಿಂದು ಆರಿಸಿ ಕಣ್ಣಿನ ಮೇಲಿಡಿ. ಕರಿಮುಖದಲ್ಲಿ ಕಣ್ಣು ಮಿಂಚಬೇಕಾದರೆ ಸೂರ್ಯ ನಿಮ್ಮ ಬೆನ್ನಿಗಿರಬೇಕು.

ಇನ್ನು ಹತ್ತಿರ ಹೋಗುವ ಮಾತು. ಹೋಗಬೇಡಿ, ಕಾಯಿರಿ. ಬಯಲಿನಲ್ಲಿ ನೀವು ನೋಡುವ ಮೊದಲೇ ಕೃಷ್ಣಮೃಗ ನಿಮ್ಮನ್ನು ನೋಡಿರುತ್ತದೆ. ಮೇಯುತ್ತಿದ್ದ ತಲೆಗಳೆಲ್ಲ ಒಟ್ಟಿಗೆ ಎದ್ದು ನಿಮ್ಮತ್ತ ತಿರುಗಿದರೆ ಅಲ್ಲೇ ನಿಲ್ಲಿ. ಒಂದು ಚಿಮ್ಮಿ ನೆಗೆಯಿತೋ, ಇಡೀ ಹಿಂಡು ಹೊರಟಿತು. ಕಾಯುವುದಕ್ಕೂ ಒಂದು ಜಾಗವಿದೆ: ಹಿರಿಯ ಗಂಡು ತನ್ನ ಗಡಿಯಲ್ಲಿ ಒಂದೇ ಕಡೆ ಮತ್ತೆಮತ್ತೆ ಹಿಕ್ಕೆ ಹಾಕುತ್ತದೆ. ಹೊಸ ಹಿಕ್ಕೆಯ ರಾಶಿ ಕಂಡರೆ ದಾರಿಯಂಚಿನಲ್ಲೇ, ಬೆಳಕು ಬೆನ್ನಿಗೆ ಬರುವಂತೆ ಕಾರು ನಿಲ್ಲಿಸಿ ಸುಮ್ಮನಿರಿ. ಅದು ಅಲ್ಲಿಗೆ ಬಂದೇ ಬರುತ್ತದೆ. ತಲೆ ಹಿಂದಕ್ಕೆಸೆದು, ಕಿವಿ ಇಳಿಬಿಟ್ಟು, ಬಾಲ ಸುರುಳಿ ಮಾಡಿ ನಡೆದರೆ ಹತ್ತಿರದಲ್ಲಿ ಹೆಣ್ಣಿರಬಹುದು. ಎರಡು ಗಂಡುಗಳು ಸಮಾನಾಂತರವಾಗಿ ನಡೆಯತೊಡಗಿದರೆ ಬೆರಳು ಶಟರಿನ ಮೇಲಿರಲಿ. ಕೊಂಬು ತಾಕುವುದು ಕೆಲವೇ ಕ್ಷಣ.

ಕಾವಲು ಗೋಪುರದಿಂದ ಹಿಂಡು ಎಲ್ಲಿದೆಯೆಂದು ಗುರುತಿಸಬಹುದು. ಚಿತ್ರಕ್ಕೆ ಅದು ಅಷ್ಟು ಒಳ್ಳೆಯದಲ್ಲ: ಮೇಲಿಂದ ತೆಗೆದರೆ ಪ್ರಾಣಿ ಕುಳ್ಳಾಗಿ, ಹಿಂದೆ ಬರೀ ಹುಲ್ಲು ಬರುತ್ತದೆ.

ನವೆಂಬರಿನಿಂದ ಫೆಬ್ರುವರಿವರೆಗೆ ಬಂದರೆ ವಲಸೆ ಬಂದ ಸೆಳೆವಗಳು (ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು) ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುತ್ತಾ ಬೇಟೆಯಾಡುವುದು ಸಿಗುತ್ತದೆ. ಸಂಜೆ ಅವು ನೆಲದ ಹುಲ್ಲಿನಲ್ಲೇ ತಂಗುತ್ತವೆ, ಕತ್ತಲಾದ ಮೇಲೆ ಅತ್ತ ಟಾರ್ಚ್ ಹಾಕಬೇಡಿ. ಬೇಸಿಗೆಯಲ್ಲಿ ಟಿಟ್ಟಿಭಗಳು ಬರಿ ನೆಲದಲ್ಲೇ ಮೊಟ್ಟೆಯಿಡುತ್ತವೆ. ಜಾಡು ಬಿಟ್ಟು ನಡೆದರೆ ಕಾಲಡಿ ಕಲ್ಲಿನಂತೆ ಕಂಡದ್ದು ಮೊಟ್ಟೆಯಾಗಿರಬಹುದು. ಹುಲ್ಲಿನಲ್ಲಿ ಒಂಟಿಯಾಗಿ ಮಲಗಿದ ಮರಿ ತಬ್ಬಲಿಯಲ್ಲ. ತಾಯಿಯೇ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ಮುಟ್ಟದೆ ಹಿಂದೆ ಸರಿಯಿರಿ. ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅಟ್ಟಿಸಿಕೊಂಡು ಹೋಗಿ ತೆಗೆದ ಓಟದ ಚಿತ್ರ ಅಪರಾಧದ ಸಾಕ್ಷಿಯೂ ಆಗಬಹುದು. ಡ್ರೋನ್, ನಾಯಿ ಮನೆಯಲ್ಲಿರಲಿ.

ಒಬ್ಬರಿಗೆ ಎರಡು ಲೀಟರ್ ನೀರು, ಬುತ್ತಿ, ಟೋಪಿ ತನ್ನಿ. ಬಿಳಿ ಅಂಗಿ ಬೇಡ. ಹುಲ್ಲು ಬಲಿತಾಗ ಪ್ಯಾಂಟು, ಸಾಕ್ಸಿಗೆಲ್ಲ ಮುಳ್ಳುಬೀಜ ಅಂಟುತ್ತದೆ. ಲೆನ್ಸ್ ಚೀಲವನ್ನು ನೆಲಕ್ಕಿಡಬೇಡಿ. ಹತ್ತರಿಂದ ಮೂರೂವರೆವರೆಗೆ ಹುಣಸೆ ತೋಪಿನ ನೆರಳಿನಲ್ಲಿ ಹಕ್ಕಿ ನೋಡಿಕೊಂಡಿರಿ, ಬ್ಯಾಟರಿ ಬದಲಿಸಿ, ಕಾರ್ಡ್ ಖಾಲಿ ಮಾಡಿ. ನಾಲ್ಕೂವರೆಯಿಂದ ಇಳಿಬಿಸಿಲು ಮತ್ತೆ ಕೈಗೆ ಬರುತ್ತದೆ, ಆದರೆ ಕಾದ ನೆಲದ ಝಳ ತಣಿಯಲು ಇನ್ನೂ ಒಂದು ಗಂಟೆ ಬೇಕು.