ಬೆಳಗ್ಗೆ ಫೋಟೊ, ಮಧ್ಯಾಹ್ನ ಟಪಾಲು: ಇನ್‌ಫಾರ್ಮ್ಡ್ ಡೆಲಿವರಿ ಬಳಸುವುದು ಹೇಗೆ, ನಂಬುವುದು ಎಷ್ಟು

ಅಮೆರಿಕದಲ್ಲಿ ಹೊಸದಾಗಿ ಮನೆ ಹಿಡಿದವರಿಗೆ ಬೇಕಾದ ಕಾಗದಪತ್ರಗಳೆಲ್ಲ ಬರುವುದು ಅಂಚೆಯಲ್ಲೇ. ಸೋಶಿಯಲ್ ಸೆಕ್ಯುರಿಟಿ ಕಾರ್ಡು, ಡೆಬಿಟ್ ಕಾರ್ಡು, ಡ್ರೈವಿಂಗ್ ಲೈಸೆನ್ಸು, ಕೆಲಸದ ಅನುಮತಿಯ ಕಾರ್ಡಾದ ಇಎಡಿ, ಕೊನೆಗೊಂದು ದಿನ ಗ್ರೀನ್ ಕಾರ್ಡು. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಕೈಗೆ ಕೊಡುವುದಿಲ್ಲ, ಡಬ್ಬಿಗೆ ಹಾಕಿ ಹೋಗುತ್ತಾರೆ. ಇವತ್ತು ಡಬ್ಬಿಗೆ ಏನು ಬೀಳಲಿದೆ ಎಂದು ಬೆಳಗ್ಗೆಯೇ ಫೋಟೊ ತೋರಿಸುವ ಉಚಿತ ಸೌಲಭ್ಯ ಇನ್‌ಫಾರ್ಮ್ಡ್ ಡೆಲಿವರಿ. ಅಮೆರಿಕದ ಅಂಚೆ ಇಲಾಖೆಯಾದ ಯುಎಸ್‌ಪಿಎಸ್ ಇದನ್ನು 2017ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು.

ಈ ಫೋಟೊ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅದನ್ನು ಎಷ್ಟು ನಂಬಬೇಕು ಎನ್ನುವುದೂ ತಾನಾಗಿ ತಿಳಿಯುತ್ತದೆ. ನಿಮಗೋಸ್ಕರ ಯಾರೂ ಕ್ಯಾಮೆರಾ ಹಿಡಿದಿಲ್ಲ. ವಿಂಗಡಣಾ ಕೇಂದ್ರದ ಯಂತ್ರಗಳು ವಿಳಾಸ ಓದಲು ಪ್ರತಿ ಲಕೋಟೆಯ ಮುಖದ ಚಿತ್ರ ತೆಗೆಯುತ್ತವೆ. ಪೋಸ್ಟ್‌ಮ್ಯಾನ್ ನಡೆಯುವ ಮನೆಗಳ ಕ್ರಮಕ್ಕೆ ಸರಿಯಾಗಿ ರಾತ್ರಿಯಿಡೀ ಕಾಗದಗಳನ್ನು ಜೋಡಿಸುತ್ತವೆ. ಆ ಕಪ್ಪು-ಬಿಳುಪು ಚಿತ್ರವನ್ನೇ ಮನೆಯ 11 ಅಂಕಿಯ ಜಿಪ್ ಸಂಕೇತಕ್ಕೆ (ನಮ್ಮ ಪಿನ್‌ಕೋಡ್ ಇದ್ದಂತೆ) ಹೊಂದಿಸಿ ನಿಮಗೆ ಈಮೇಲ್ ಮಾಡುತ್ತಾರೆ. ಅಂದರೆ ಚಿತ್ರ ಹೇಳುವುದು ಇಷ್ಟೇ: ಈ ಲಕೋಟೆ ಯಂತ್ರದೊಳಗೆ ಹಾದು ಹೋಯಿತು. ಆಮೇಲೆ ಟ್ರೇ, ಲಾರಿ, ನಿಮ್ಮ ಊರಿನ ಪೋಸ್ಟ್ ಆಫೀಸು, ಪೋಸ್ಟ್‌ಮ್ಯಾನ್ ಕೈ, ಇವೆಲ್ಲ ದಾಟಿ ಡಬ್ಬಿ ಸೇರಬೇಕು. ಅಲ್ಲಿ ನಡೆಯುವುದು ಯಾವುದೂ ಚಿತ್ರದಲ್ಲಿ ಇರುವುದಿಲ್ಲ.

ಚಿತ್ರ ಬರಲಿಲ್ಲ ಎಂದ ಮಾತ್ರಕ್ಕೆ ಕಾಗದ ಬರುವುದಿಲ್ಲ ಎಂದೂ ಅಲ್ಲ. ಯಂತ್ರಕ್ಕೆ ಹೋಗದೆ ಕೈಯಲ್ಲೇ ವಿಂಗಡಿಸಿದ ಟಪಾಲಿಗೆ ಚಿತ್ರ ಇರುವುದಿಲ್ಲ. ದೊಡ್ಡ ಲಕೋಟೆ, ಪತ್ರಿಕೆ, ಕ್ಯಾಟಲಾಗುಗಳು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಮದುವೆ ಕರೆಯೋಲೆಯಂಥ ದಪ್ಪ, ಮಡಚಲಾಗದ ಲಕೋಟೆಗಳೂ ಎಷ್ಟೋ ಸಲ ತಪ್ಪಿಹೋಗುತ್ತವೆ. ಬಣ್ಣದ ಚಿತ್ರ ಕಂಡರೆ ಅದು ನಿಮ್ಮ ಲಕೋಟೆಯ ಫೋಟೊ ಅಲ್ಲ, ಕಳಿಸಿದ ಕಂಪನಿ ಕೊಟ್ಟ ಜಾಹೀರಾತು.

ನೋಂದಣಿಗೆ ಮೊದಲು ಯುಎಸ್‌ಪಿಎಸ್ ಜಾಲತಾಣದಲ್ಲಿ ಖಾತೆ ತೆರೆದು, ವಿಳಾಸ ಕೊಟ್ಟು, ನೀವು ನೀವೇ ಎಂದು ಸಾಬೀತು ಮಾಡಬೇಕು. ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಈ ಕೊನೆಯ ಹಂತದಲ್ಲಿ. ಮೊಬೈಲಿಗೆ ಕೋಡ್ ಕಳಿಸುವಾಗ ಆ ನಂಬರು ನಿಮ್ಮ ಹೆಸರು, ವಿಳಾಸಕ್ಕೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಫ್ಯಾಮಿಲಿ ಪ್ಲ್ಯಾನ್ ಗಂಡನ ಹೆಸರಿನಲ್ಲಿದ್ದು ಹೆಂಡತಿ ನೋಂದಾಯಿಸಲು ಹೊರಟರೆ, ಇಲ್ಲವೇ ದೇಶಕ್ಕೆ ಬಂದು ಎರಡೇ ತಿಂಗಳಾಗಿದ್ದರೆ, ಇದು ವಿಫಲವಾಗುವುದು ಮಾಮೂಲು. ಮತ್ತೆ ಮತ್ತೆ ಒತ್ತುವುದರಿಂದ ಪ್ರಯೋಜನವಿಲ್ಲ. ವಿಳಾಸಕ್ಕೆ ಕೋಡ್ ಇರುವ ಕಾಗದ ತರಿಸಿಕೊಳ್ಳುವ ಆಯ್ಕೆ ಸಿಕ್ಕರೆ ಅದನ್ನು ಆರಿಸಿ. ಇಲ್ಲದಿದ್ದರೆ ಈಮೇಲಿನಲ್ಲಿ ಬರುವ ಬಾರ್‌ಕೋಡ್ ಹಿಡಿದು ಪೋಸ್ಟ್ ಆಫೀಸಿಗೆ ಹೋಗಿ. ಎಲ್ಲ ಪೋಸ್ಟ್ ಆಫೀಸಿನಲ್ಲೂ ಈ ಪರಿಶೀಲನೆ ಮಾಡುವುದಿಲ್ಲ, ಪಟ್ಟಿ ಅಲ್ಲೇ ತೋರಿಸುತ್ತದೆ. ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಅಥವಾ ಸ್ಟೇಟ್ ಐಡಿ ಒಯ್ಯಿರಿ. ಅದರಲ್ಲಿ ಹಳೆಯ ವಿಳಾಸವಿದ್ದರೆ ಮನೆಯ ಲೀಸ್ ಪತ್ರವೂ ಜೊತೆಗಿರಲಿ.

ಅಪಾರ್ಟ್‌ಮೆಂಟಿನವರು ಯೂನಿಟ್ ನಂಬರನ್ನು ಬಿಡಲೇಬಾರದು. ಪ್ರತಿ ಫ್ಲ್ಯಾಟಿಗೂ ಪ್ರತ್ಯೇಕ ಸಂಕೇತ ಇದ್ದರಷ್ಟೇ ಈ ಸೌಲಭ್ಯ ಸಿಗುತ್ತದೆ. ಇಡೀ ಕಟ್ಟಡಕ್ಕೆ ಒಂದೇ ಸಂಕೇತವಿದ್ದರೆ, ನಿಮ್ಮ ವಿಳಾಸ ಅರ್ಹವಲ್ಲ ಎಂಬ ಉತ್ತರ ಬರುತ್ತದೆ. ಅದು ನಿಮ್ಮ ತಪ್ಪಲ್ಲ, ನೀವು ಸರಿಪಡಿಸಬಹುದಾದದ್ದೂ ಅಲ್ಲ.

ಇನ್ನೊಂದು ಸಂಗತಿ: ಚಿತ್ರಗಳು ವಿಳಾಸಕ್ಕೆ ಬರುತ್ತವೆ, ಹೆಸರಿಗಲ್ಲ. ನಾಲ್ವರು ಸೇರಿ ಮನೆ ಮಾಡಿದ್ದರೆ ನಿಮ್ಮ ಬ್ಯಾಂಕಿನ ಲಕೋಟೆಯನ್ನು ರೂಮ್‌ಮೇಟ್ ಕೂಡ ನೋಡುತ್ತಾನೆ. ಹಿಂದಿನ ಬಾಡಿಗೆದಾರರ ಕಾಗದಗಳೂ ನಿಮ್ಮ ಈಮೇಲಿನಲ್ಲಿ ಕಾಣಿಸುತ್ತವೆ. ನೀವು ಮನೆ ಬದಲಾಯಿಸಿದಾಗ ಖಾತೆಯಲ್ಲಿ ವಿಳಾಸವನ್ನೂ ಬದಲಾಯಿಸಿ. ಹೊಸ ವಿಳಾಸಕ್ಕೆ ಗುರುತಿನ ಪರಿಶೀಲನೆ ಮತ್ತೆ ಆಗಬೇಕು.

ಭಾನುವಾರ ಮತ್ತು ಫೆಡರಲ್ ರಜೆ ಬಿಟ್ಟು, ತೋರಿಸಲು ಏನಾದರೂ ಇರುವ ದಿನ ಬೆಳಗ್ಗೆ ಈಮೇಲ್ ಬರುತ್ತದೆ. ಅದರಲ್ಲಿ ಹೆಚ್ಚೆಂದರೆ 10 ಚಿತ್ರಗಳಿರುತ್ತವೆ. ಉಳಿದವು ಜಾಲತಾಣದಲ್ಲಿರುವ ನಿಮ್ಮ ಖಾತೆಯ ಪುಟದಲ್ಲಿ, ಅಂದರೆ ಡ್ಯಾಶ್‌ಬೋರ್ಡಿನಲ್ಲಿ. ಕಳಿಸಿದವರ ಹೆಸರಿಲ್ಲದ ಬಿಳಿ ಲಕೋಟೆ ಕಂಡರೆ ಕಸವೆಂದುಕೊಳ್ಳಬೇಡಿ. ಕ್ರೆಡಿಟ್ ಕಾರ್ಡುಗಳು ಬೇಕೆಂದೇ ಹಾಗೆ ಬರುತ್ತವೆ. ಕಳಿಸಿದವರ ವಿಳಾಸದಲ್ಲಿ ಡೆಲವೇರ್‌ನ ವಿಲ್ಮಿಂಗ್ಟನ್ ಅಥವಾ ಸೌತ್ ಡಕೋಟಾದ ಸೂ ಫಾಲ್ಸ್ ಇದ್ದರೆ ಅದು ಕಾರ್ಡ್ ಕಂಪನಿಯ ಕಾಗದವಾಗಿರುವ ಸಾಧ್ಯತೆ ಹೆಚ್ಚು.

ಚಿತ್ರ ಬಂದ ದಿನವೇ ಕಾಗದ ಸಿಗದಿದ್ದರೆ ಗಾಬರಿ ಬೇಡ, ಒಂದೆರಡು ದಿನ ಹೆಚ್ಚುಕಡಿಮೆ ಆಗುತ್ತದೆ. ಆದರೆ ಮುಖ್ಯ ಕಾಗದವೆನಿಸಿದರೆ ಆ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ಕಾಗದದ ಚಿತ್ರ ಡ್ಯಾಶ್‌ಬೋರ್ಡಿನಲ್ಲಿ ಉಳಿಯುವುದು 7 ದಿನ. ಕಳೆದ ಟಪಾಲನ್ನು ಹುಡುಕಿಕೊಡಿ ಎಂದು ಯುಎಸ್‌ಪಿಎಸ್‌ಗೆ ಮಿಸ್ಸಿಂಗ್ ಮೇಲ್ ಅರ್ಜಿ ಹಾಕಬೇಕಾದರೂ ಕಾಗದ ಕಳಿಸಿ 7 ದಿನ ಆಗಿರಬೇಕು. ಅರ್ಜಿಯ ಹೊತ್ತಿಗೆ ಚಿತ್ರ ಮಾಯವಾಗಿರುತ್ತದೆ.

ಎರಡು ಮೂರು ದಿನವಾದರೂ ಬರದಿದ್ದರೆ ಮೊದಲು ಅಕ್ಕಪಕ್ಕದವರನ್ನು ಕೇಳಿ. ಸಾಲು ಡಬ್ಬಿಗಳಲ್ಲಿ 204ರ ಕಾಗದ 205ಕ್ಕೆ ಬೀಳುವುದು ಕಳ್ಳತನಕ್ಕಿಂತ ಎಷ್ಟೋ ಸಾಮಾನ್ಯ. ಆಮೇಲೆ ಆ ಚಿತ್ರದ ಕೆಳಗಿರುವ, ಈ ಕಾಗದ ನನಗೆ ಸಿಗಲಿಲ್ಲ ಎಂಬ ಗುಂಡಿ ಒತ್ತಿ. ಅದರಿಂದ ದೂರು ದಾಖಲಾಗುತ್ತದೆ, ಆದರೆ ಕಾಗದವನ್ನು ಯಾರೋ ಹುಡುಕಿ ತಂದುಕೊಡುತ್ತಾರೆ ಎಂಬ ಆಸೆ ಬೇಡ. ಬೆಳಗ್ಗೆ ಹೊತ್ತು ಪೋಸ್ಟ್ ಆಫೀಸಿಗೇ ಹೋಗಿ ಸ್ಕ್ರೀನ್‌ಶಾಟ್ ತೋರಿಸಿ ಕೇಳುವುದು ಹೆಚ್ಚು ಫಲ ಕೊಡುತ್ತದೆ. ಮಿಸ್ಸಿಂಗ್ ಮೇಲ್ ಅರ್ಜಿಯಲ್ಲಿ ಎರಡೂ ಕಡೆಯ ವಿಳಾಸ, ಲಕೋಟೆಯ ಬಣ್ಣ, ಅಳತೆ, ಕಿಟಕಿ ಇತ್ತೇ ಎಂಬುದನ್ನು ಬರೆಯಿರಿ. ಯಾರಿಗೂ ಸೇರದ ಟಪಾಲು ಅಟ್ಲಾಂಟಾದ ಮೇಲ್ ರಿಕವರಿ ಸೆಂಟರಿಗೆ ಹೋಗುತ್ತದೆ, ಅಲ್ಲಿ ಹೊಂದಿಸಿ ನೋಡುವುದು ಈ ವಿವರಗಳನ್ನೇ. ಡಬ್ಬಿ ಒಡೆದಿದ್ದರೆ, ಚೆಕ್ ಅಥವಾ ಕಾರ್ಡ್ ಪದೇಪದೇ ಕಾಣೆಯಾಗುತ್ತಿದ್ದರೆ, ಟಪಾಲಿನ ಅಪರಾಧಗಳ ತನಿಖೆ ಮಾಡುವ ಪೋಸ್ಟಲ್ ಇನ್‌ಸ್ಪೆಕ್ಷನ್ ಸರ್ವಿಸ್‌ಗೆ 1-877-876-2455ರಲ್ಲಿ ದೂರು ಕೊಡಿ.

ವಲಸೆ ಕಾಗದಗಳಿಗೆ ಲೆಕ್ಕವೇ ಬೇರೆ. ಗ್ರೀನ್ ಕಾರ್ಡ್, ಇಎಡಿ ಟ್ರ್ಯಾಕಿಂಗ್ ನಂಬರಿನೊಂದಿಗೆ ಪ್ರಯಾರಿಟಿ ಮೇಲ್‌ನಲ್ಲಿ ಬರುತ್ತವೆ. ಆದ್ದರಿಂದ ಚಿತ್ರಕ್ಕೆ ಕಾಯದೆ ಡ್ಯಾಶ್‌ಬೋರ್ಡಿನ ಪ್ಯಾಕೇಜ್ ವಿಭಾಗ ನೋಡಿ. ಕಂಪನಿ ಸಲ್ಲಿಸಿದ ಎಚ್-1ಬಿ ಕೆಲಸದ ವೀಸಾ ಅರ್ಜಿಯ ಸೂಚನಾ ಪತ್ರ ಐ-797 ಹೋಗುವುದು ಕಂಪನಿಗೆ ಅಥವಾ ವಕೀಲರಿಗೆ, ನಿಮ್ಮ ಡಬ್ಬಿ ಕಾಯ್ದು ಫಲವಿಲ್ಲ. ಮನೆ ಬದಲಾಯಿಸಿದಾಗ ಯುಎಸ್‌ಪಿಎಸ್‌ಗೆ ಹೇಳಿದರೆ ಸಾಲದು. 10 ದಿನದೊಳಗೆ ವಿಳಾಸ ಬದಲಾವಣೆಯ ಅರ್ಜಿ ಎಆರ್-11 ಮೂಲಕ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೂ ತಿಳಿಸಬೇಕು. ಅವರ ಲಕೋಟೆಗಳು ಹೊಸ ವಿಳಾಸಕ್ಕೆ ಮುಂದೆ ಹೋಗುವ ಬದಲು ಕಳಿಸಿದವರಿಗೇ ವಾಪಸಾಗುತ್ತವೆ.

ರಜೆಗೆ ಊರಿಗೆ ಹೊರಟವರಿಗಂತೂ ಇದು ನಿಜವಾಗಿ ಉಪಕಾರಿ. ಹೋಲ್ಡ್ ಮೇಲ್ ಹಾಕಿ 3ರಿಂದ 30 ದಿನ ಟಪಾಲನ್ನು ಪೋಸ್ಟ್ ಆಫೀಸಿನಲ್ಲೇ ಇರಿಸಬಹುದು, ಆಗಲೂ ಚಿತ್ರಗಳು ಬರುತ್ತಿರುತ್ತವೆ. ತೆರಿಗೆ ಇಲಾಖೆ ಐಆರ್‌ಎಸ್‌ನ ಕಾಗದವೋ ನ್ಯಾಯಾಲಯದ ಜ್ಯೂರಿ ಡ್ಯೂಟಿ ಸಮನ್ಸೋ ಬಂದರೆ ಮೈಸೂರಿನಲ್ಲಿ ಕೂತೇ ತಿಳಿಯುತ್ತದೆ. ಅಮೆರಿಕದ ನಂಬರು ಅಲ್ಲಿ ನಡೆಯದಿದ್ದರೆ ಲಾಗಿನ್ ಕೋಡ್ ಸಿಗದೆ ಡ್ಯಾಶ್‌ಬೋರ್ಡ್ ತೆರೆಯದಿರಬಹುದು, ಆದರೆ ಈಮೇಲ್ ಬಂದೇ ಬರುತ್ತದೆ.

ನೀವು ನೋಂದಾಯಿಸದೆ ಬಿಟ್ಟರೆ ಬೇರೆಯವರು ನಿಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. ಕಳ್ಳರು ಹೀಗೆ ಮಾಡಿ, ಬಲಿಯಾದವರ ಹೆಸರಿನಲ್ಲಿ ಕ್ರೆಡಿಟ್ ಕಾರ್ಡ್ ತರಿಸಿ, ಅದು ಬರುವ ದಿನ ನೋಡಿಕೊಂಡು ಡಬ್ಬಿಯಿಂದ ಎತ್ತುತ್ತಿದ್ದಾರೆ ಎಂದು ಸೀಕ್ರೆಟ್ ಸರ್ವಿಸ್ 2018ರಲ್ಲಿ ಎಚ್ಚರಿಸಿತ್ತು. ಈಗ ಯಾರೇ ನೋಂದಾಯಿಸಿದರೂ ಆ ವಿಳಾಸಕ್ಕೆ ಒಂದು ಕಾಗದ ಹೋಗುತ್ತದೆ. ನೀವು ಮಾಡದ ನೋಂದಣಿಗೆ ಅಂಥ ಕಾಗದ ಬಂದರೆ ಅವತ್ತೇ 1-800-275-8777ಕ್ಕೆ ಫೋನ್ ಮಾಡಿ, ಸಾಲದ ದಾಖಲೆ ಇಡುವ ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ, ನಿಮ್ಮ ಹೆಸರಿನಲ್ಲಿ ಹೊಸ ಸಾಲ ಹುಟ್ಟದಂತೆ ತಡೆಯುವ ಫ್ರೀಜ್ ಹಾಕಿ. ಫ್ರೀಜ್‌ಗೆ ದುಡ್ಡು ಕೊಡಬೇಕಿಲ್ಲ.

ಪಾರ್ಸೆಲ್ ನಿಂತಿದೆ, ಮೂರು ಡಾಲರ್ ಕಟ್ಟಿ ಎಂದು ಲಿಂಕ್ ಸಮೇತ ಬರುವ ಮೆಸೇಜು ಯುಎಸ್‌ಪಿಎಸ್‌ನದ್ದಲ್ಲ. ಮತ್ತೆ ತಂದುಕೊಡಲು ಅವರು ಶುಲ್ಕ ಕೇಳುವುದಿಲ್ಲ, ನೀವು ಟ್ರ್ಯಾಕಿಂಗ್ ನಂಬರ್ ಕೊಟ್ಟು ಕೇಳಿಕೊಂಡಿರದಿದ್ದರೆ ಮೆಸೇಜನ್ನೂ ಕಳಿಸುವುದಿಲ್ಲ. ಬೆಳಗಿನ ಈಮೇಲಿನ ಲಿಂಕನ್ನೂ ಒತ್ತುವ ಬದಲು ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಡ್ಯಾಶ್‌ಬೋರ್ಡ್ ತೆರೆಯಿರಿ.