ಮನುಷ್ಯ ಪತ್ತೇದಾರನಿಗೊಬ್ಬ ಯಂತ್ರಮಾನವ ಜೊತೆಗಾರ: ಇಂಥ ಕಥೆಯನ್ನು ಕಟ್ಟುವ ಬಗೆ

ಮನುಷ್ಯ ಪತ್ತೇದಾರನ ಪಕ್ಕದಲ್ಲಿ ಯಂತ್ರಮಾನವ ತನಿಖೆಗಾರನನ್ನು ನಿಲ್ಲಿಸಿ ಕಥೆ ಬರೆಯಲು ಹೊರಟವರಿಗೆ ಎದುರಾಗುವ ಮೊದಲ ತೊಡಕೆಂದರೆ, ಕಥೆ ಶುರುವಾಗುವ ಮೊದಲೇ ಮುಗಿದುಹೋಗುವ ಅಪಾಯ. ಕಂಡದ್ದನ್ನೆಲ್ಲ ನೆನಪಿಟ್ಟುಕೊಳ್ಳುವ, ನಗರದ ಎಲ್ಲ ಕ್ಯಾಮೆರಾಗಳ ದೃಶ್ಯವನ್ನು ಏಕಕಾಲಕ್ಕೆ ಜಾಲಾಡಬಲ್ಲ, ರಕ್ತದ ಕಲೆಯನ್ನು ನಿಂತಲ್ಲಿಯೇ ಪರೀಕ್ಷಿಸಬಲ್ಲ ಜೊತೆಗಾರನಿದ್ದರೆ ಎರಡನೆಯ ಅಧ್ಯಾಯದ ಹೊತ್ತಿಗೆ ಕೊಲೆಗಾರ ಸಿಕ್ಕಿಬೀಳಬೇಕು. ಹಾಗಾಗದಿರಲೆಂದು ಅನೇಕರು ಯಂತ್ರವನ್ನು ಬೇಕಾದ ಗಳಿಗೆಯಲ್ಲಿ ಕೆಡಿಸುತ್ತಾರೆ, ಅದರ ಸಂಪರ್ಕವನ್ನು ಕಡಿಯುತ್ತಾರೆ, ಇಲ್ಲವೇ ಸಣ್ಣ ಮಗುವಿಗೂ ಹೊಳೆಯುವ ಸಂಗತಿಯನ್ನು ಅದಕ್ಕೆ ಹೊಳೆಯದಂತೆ ಮಾಡುತ್ತಾರೆ. ಇದರಿಂದ ಓದುಗನ ನಂಬಿಕೆ ಮುರಿಯುತ್ತದೆ. ಸರಿಯಾದ ದಾರಿ ಬೇರೆಯೇ ಇದೆ: ಇಬ್ಬರ ಶಕ್ತಿಯನ್ನೂ ಕುಗ್ಗಿಸದೆ, ಒಬ್ಬರಿಂದಲೇ ಬಿಡಿಸಲಾಗದಂಥ ಒಗಟನ್ನು ಹೆಣೆಯಬೇಕು. ಈ ಬರಹದಲ್ಲಿ ಹೇಳಿರುವ ಉಳಿದೆಲ್ಲ ಸೂಚನೆಗಳೂ ಈ ಒಂದು ನಿಯಮದಿಂದಲೇ ಹುಟ್ಟುತ್ತವೆ.

ಈ ತೊಡಕು ಹೊಸದಲ್ಲ. ವೈಜ್ಞಾನಿಕ ಕಥೆಗಳ ಹೆಸರಾಂತ ಸಂಪಾದಕರಾಗಿದ್ದ ಜಾನ್ ಕ್ಯಾಂಪ್ಬೆಲ್ ಅವರು ವೈಜ್ಞಾನಿಕ ಕಥೆಯೂ ಪತ್ತೇದಾರಿ ಕಥೆಯೂ ಒಂದಾಗಲಾರವು ಎಂದು ವಾದಿಸಿದ್ದರು; ಏಕೆಂದರೆ ಭವಿಷ್ಯದ ಪತ್ತೇದಾರನು ಓದುಗನಿಗೆ ಗೊತ್ತೇ ಇಲ್ಲದ ಉಪಕರಣವೊಂದನ್ನು ಕೊನೆಯಲ್ಲಿ ಹೊರತೆಗೆದು ಒಗಟು ಬಿಡಿಸಿಬಿಡಬಹುದು. ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೋವ್ ಅವರು 1954ರಲ್ಲಿ ಪುಸ್ತಕವಾಗಿ ಬಂದ ತಮ್ಮ ‘ದಿ ಕೇವ್ಸ್ ಆಫ್ ಸ್ಟೀಲ್’ ಕಾದಂಬರಿಯಲ್ಲಿ ಮನುಷ್ಯ ಪತ್ತೇದಾರನನ್ನೂ ಮನುಷ್ಯನನ್ನೇ ಹೋಲುವ ರೋಬೋಟ್ ಅನ್ನೂ ಜೊತೆಗೂಡಿಸಿ ಇದಕ್ಕೆ ಉತ್ತರ ಕೊಟ್ಟರು. ಆ ಉತ್ತರದ ಬಲವಿದ್ದದ್ದು ಪ್ರಾಮಾಣಿಕತೆಯಲ್ಲಿ. 1942ರಷ್ಟು ಹಿಂದೆಯೇ ತಾವು ರೂಪಿಸಿದ್ದ ರೋಬೋಟ್‌ಗಳ ಮೂರು ನಿಯಮಗಳನ್ನು (ಮನುಷ್ಯನಿಗೆ ಹಾನಿಯಾಗಲು ಬಿಡಬಾರದು, ಅವನ ಆಜ್ಞೆಯನ್ನು ಪಾಲಿಸಬೇಕು, ಈ ಎರಡಕ್ಕೆ ಅಡ್ಡಿಯಾಗದಂತೆ ತನ್ನನ್ನು ಕಾಪಾಡಿಕೊಳ್ಳಬೇಕು) ಅವರು ಓದುಗನ ಮುಂದೆ ತೆರೆದಿಟ್ಟರು. ಆ ಲೋಕದಲ್ಲಿ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದು ಪತ್ತೇದಾರನಿಗೆ ತಿಳಿದಷ್ಟೇ ಓದುಗನಿಗೂ ತಿಳಿದಿತ್ತು. ಅವರ ನಿಯಮಗಳನ್ನು ಎರವಲು ಪಡೆಯುವ ಅಗತ್ಯ ಯಾರಿಗೂ ಇಲ್ಲ, ಆದರೆ ನಿಯಮಗಳನ್ನು ಮುಂಚಿತವಾಗಿ ಬಹಿರಂಗಪಡಿಸುವ ಶಿಸ್ತನ್ನು ಮಾತ್ರ ಯಾರೂ ಬಿಡುವಂತಿಲ್ಲ.

ಆದ್ದರಿಂದ ಅಪರಾಧವನ್ನು ಯೋಚಿಸುವ ಮೊದಲು ಯಂತ್ರಮಾನವನ ಬಗ್ಗೆ ಒಂದೆರಡು ಪುಟಗಳ ಒಡಂಬಡಿಕೆಯನ್ನು ನಿಮಗಾಗಿ ಬರೆದಿಟ್ಟುಕೊಳ್ಳಿ. ಅದು ಯಾರ ಸ್ವತ್ತು, ಯಾರ ಆಜ್ಞೆಯನ್ನು ಪಾಲಿಸಬೇಕು, ಯಾವ ಆಜ್ಞೆಯನ್ನು ನಿರಾಕರಿಸಬಹುದು? ಸುಳ್ಳು ಹೇಳಬಲ್ಲದೇ? ಸುಳ್ಳು ಹೇಳಲಾರದಿದ್ದರೂ ಕೇಳದ ಪ್ರಶ್ನೆಗೆ ಉತ್ತರಿಸದೆ ಮೌನವಾಗಿ ಉಳಿಯಬಲ್ಲದೇ? ಅದು ದಾಖಲಿಸಿಕೊಂಡದ್ದನ್ನು ಇನ್ನಾರು ಓದಬಲ್ಲರು, ಯಾರು ಅಳಿಸಬಲ್ಲರು? ಇವುಗಳಲ್ಲಿ ಕೊನೆಯ ಪ್ರಶ್ನೆಯೇ ಅತ್ಯಂತ ಫಲವತ್ತಾದದ್ದೆಂದು ನನಗೆ ಅನಿಸುತ್ತದೆ. ತನ್ನ ಜೊತೆಗಾರನ ಕಣ್ಣಿಗೆ ಬಿದ್ದ ಪ್ರತಿಯೊಂದೂ ಸಂಜೆಯೊಳಗೆ ಮೇಲಧಿಕಾರಿಯ ಮೇಜಿಗೆ ತಲುಪುತ್ತದೆ ಎಂದು ತಿಳಿದ ಪತ್ತೇದಾರನು ಬಾಯಿಬಿಟ್ಟು ಯೋಚಿಸುವುದನ್ನೇ ನಿಲ್ಲಿಸುತ್ತಾನೆ, ಮತ್ತು ಆ ಮೌನದಿಂದಲೇ ಕಥೆಗೆ ಬೇಕಾದ ಬಿಗುವು ಸಿಗುತ್ತದೆ. ದೇಹದ ಮಿತಿಗಳನ್ನೂ ಮರೆಯಬಾರದು. ಇಂದಿನ ನಾಲ್ಕು ಕಾಲಿನ ರೋಬೋಟ್‌ಗಳಲ್ಲಿ ಪ್ರಸಿದ್ಧವಾದ ಬಾಸ್ಟನ್ ಡೈನಮಿಕ್ಸ್ ಕಂಪನಿಯ ಸ್ಪಾಟ್ ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 90 ನಿಮಿಷ ಮಾತ್ರ ನಡೆದಾಡಬಲ್ಲದು. ನಿಮ್ಮ ಕಥೆಯ ಕಾಲದಲ್ಲಿ ಅದು 90 ಗಂಟೆಯಾಗಿರಬಹುದು, ಆದರೆ ಆ ಸಂಖ್ಯೆ ಎಷ್ಟೆಂಬುದನ್ನು ನಿರ್ಧರಿಸಿ, ಮೊದಲ ಅಧ್ಯಾಯಗಳಲ್ಲಿಯೇ ಸಹಜವಾಗಿ ತಿಳಿಸಿ, ಬಳಿಕ ಅದನ್ನು ನಿಮ್ಮ ಅನುಕೂಲಕ್ಕಾಗಿ ಬದಲಿಸಬೇಡಿ.

ಒಂದು ಶಕ್ತಿಯನ್ನು ಮಾತ್ರ ಯಂತ್ರಮಾನವನಿಗೆ ಎಂದಿಗೂ ಕೊಡಬಾರದೆಂದು ನಾನು ಒತ್ತಿ ಹೇಳುತ್ತೇನೆ: ಮುಖ ನೋಡಿದೊಡನೆ ಸುಳ್ಳನ್ನು ಗುರುತಿಸುವ ಶಕ್ತಿ. ಅದು ಪತ್ತೇದಾರಿ ಕಥೆಯ ಬೇರನ್ನೇ ಕೀಳುತ್ತದೆ, ಜೊತೆಗೆ ವಾಸ್ತವಕ್ಕೂ ಒಪ್ಪುವುದಿಲ್ಲ. 2006ರಲ್ಲಿ ಪ್ರಕಟವಾದ, ನೂರಾರು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದರ ಪ್ರಕಾರ ಮನುಷ್ಯರು ಸುಳ್ಳನ್ನೂ ಸತ್ಯವನ್ನೂ ಬೇರ್ಪಡಿಸುವಲ್ಲಿ ಸರಿಯಾಗುವುದು ಸರಾಸರಿ ಶೇ. 54ರಷ್ಟು ಸಲ ಮಾತ್ರ. ನಾಣ್ಯ ಚಿಮ್ಮಿ ಹೇಳಿದರೂ ಶೇ. 50ರಷ್ಟು ಸರಿಯಾಗುತ್ತದೆ. ಸುಳ್ಳುಪತ್ತೆ ಯಂತ್ರವು ಅಳೆಯುವುದು ನಾಡಿಮಿಡಿತ, ಉಸಿರಾಟ, ಚರ್ಮದ ಬೆವರುವಿಕೆ ಇವುಗಳನ್ನೇ ಹೊರತು ಸುಳ್ಳನ್ನಲ್ಲ. ಅಮಾಯಕನು ಹೆದರಿದರೂ ಇವೆಲ್ಲ ಏರುತ್ತವೆ. ಹಾಗಾಗಿ ನಿಮ್ಮ ಯಂತ್ರಮಾನವ “ಈಕೆಯ ನಾಡಿಮಿಡಿತ ನಿಮಿಷಕ್ಕೆ 112ಕ್ಕೆ ಏರಿದೆ” ಎಂದು ಹೇಳಲಿ, ಆದರೆ ಏಕೆ ಏರಿತು ಎಂಬುದನ್ನು ಹೇಳಲಾಗದೆ ನಿಲ್ಲಲಿ. ಆ “ಏಕೆ” ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವುದು ಮನುಷ್ಯನ ಕೆಲಸ.

ನಿಖರತೆಯ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು. ಮುಖಗಳನ್ನು ಹೊಂದಿಸಿ ನೋಡುವಲ್ಲಿ ಯಂತ್ರಮಾನವ ಸಾವಿರಕ್ಕೆ ಒಂದು ಸಲ ಮಾತ್ರ ತಪ್ಪಾಗಿ ಹೊಂದಿಸುತ್ತದೆ ಎಂದಿಟ್ಟುಕೊಳ್ಳೋಣ. ಕೇಳಲು ಇದು ಪರಿಪೂರ್ಣತೆಯಂತೆಯೇ ಇದೆ. ಆದರೆ 10 ಲಕ್ಷ ಜನರಿರುವ ನಗರದ ಎಲ್ಲ ಮುಖಗಳನ್ನೂ ಅದು ಹೊಂದಿಸಿ ನೋಡಿದರೆ ಸುಮಾರು 1,000 ನಿರಪರಾಧಿಗಳು ಶಂಕಿತರ ಪಟ್ಟಿಗೆ ಸೇರುತ್ತಾರೆ. ಯಂತ್ರವು ಹೇಳಿದ್ದಕ್ಕಿಂತ ಹೆಚ್ಚು ಸಲ ತಪ್ಪಲಿಲ್ಲ, ತನ್ನ ನಿಖರತೆಯ ಬಗ್ಗೆ ಸುಳ್ಳನ್ನೂ ಆಡಲಿಲ್ಲ; ಆದರೂ ಅಷ್ಟೂ ಮಂದಿಯ ಮನೆ ಬಾಗಿಲು ತಟ್ಟಲು ಸಾಧ್ಯವಿಲ್ಲ. ಹೀಗೆ ಯಂತ್ರದ ಸಾಮರ್ಥ್ಯವನ್ನು ಕುಗ್ಗಿಸದೆಯೇ ತನಿಖೆಯನ್ನು ಕಷ್ಟಕ್ಕೆ ಸಿಲುಕಿಸಬಹುದು, ಮತ್ತು ಆ ಕಷ್ಟ ಸಂಪೂರ್ಣ ನ್ಯಾಯಯುತವಾಗಿರುತ್ತದೆ.

ಇನ್ನು ಮನುಷ್ಯ ಪತ್ತೇದಾರನ ಕಡೆಗೆ ಬರೋಣ. ಯಂತ್ರಕ್ಕೆ ತರ್ಕ, ಮನುಷ್ಯನಿಗೆ ಹೃದಯ ಎಂದು ಪಾಲು ಮಾಡಿಕೊಟ್ಟರೆ ಇಬ್ಬರೂ ಬೊಂಬೆಗಳಾಗುತ್ತಾರೆ. ಒಳ್ಳೆಯ ಪತ್ತೇದಾರನಿಗೂ ತರ್ಕ ಬೇಕೇ ಬೇಕು. ಅವನಲ್ಲಿ ಹೆಚ್ಚಾಗಿರುವುದು ಎರಡು ಸಂಗತಿಗಳು. ಮೊದಲನೆಯದು, ಜನರ ನಡುವಿನ ಸಂಬಂಧಗಳ ಒಳಗಿನಿಂದ ಬಂದ ತಿಳಿವಳಿಕೆ: ಅಣ್ಣತಮ್ಮಂದಿರು ಯಾವ ಮಾತನ್ನು ಪರಸ್ಪರ ಆಡುವುದಿಲ್ಲ, ಸಾಲ ಕೊಟ್ಟವನು ಸಾಲಗಾರನ ಮನೆಯಲ್ಲಿ ಹೇಗೆ ಕೂರುತ್ತಾನೆ ಎಂಬಂಥವು. ಎರಡನೆಯದು ಹೊಣೆ. ಬಂಧನದ ಕಾಗದಕ್ಕೆ ಸಹಿ ಹಾಕುವವನು ಅವನು. ತಪ್ಪಾದರೆ ಒಬ್ಬ ನಿರಪರಾಧಿಯ ಮುಂದೆ ನಿಲ್ಲಬೇಕಾದವನೂ ಅವನೇ. ಸಂಭವನೀಯತೆ ಶೇ. 91 ಎಂದು ಯಂತ್ರ ಹೇಳಿದಾಗ ಉಳಿದ ಶೇ. 9ರ ಭಾರ ಅವನ ಹೆಗಲಿಗೆ ಬೀಳುತ್ತದೆ. ಈ ಭಾರವನ್ನು ಓದುಗನಿಗೆ ಅನುಭವಕ್ಕೆ ತಂದುಕೊಟ್ಟರೆ ಪತ್ತೇದಾರನು ಕಥೆಗೆ ಏಕೆ ಬೇಕು ಎಂದು ಯಾರೂ ಕೇಳುವುದಿಲ್ಲ.

ಇಬ್ಬರಿಗೂ ಸೇರಿ ಮಾತ್ರ ಬಿಡಿಸಬಹುದಾದ ಸುಳಿವನ್ನು ಹೆಣೆಯುವುದು ಹೇಗೆಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಒಬ್ಬ ಪಿಟೀಲು ವಾದಕರು ತಮ್ಮ ಮನೆಯಲ್ಲಿ ಸತ್ತುಬಿದ್ದಿದ್ದಾರೆ. ಅವರು ಪ್ರತಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಅಭ್ಯಾಸ ಮಾಡುತ್ತಿದ್ದರು, ಆ ರಾತ್ರಿಯೂ ನುಡಿಸಿದ್ದನ್ನು ನೆರೆಹೊರೆಯವರೆಲ್ಲ ಕೇಳಿದ್ದಾರೆ. ಅಂದು ತಾನು ಆ ಮನೆಗೆ ಬಂದದ್ದು ಹತ್ತು ಗಂಟೆಗೆ, ಅಷ್ಟರಲ್ಲಿ ಅವರ ಉಸಿರು ನಿಂತಿತ್ತು ಎನ್ನುತ್ತಾನೆ ಸೋದರಳಿಯ. ಎದುರು ಮನೆಯ ಬಾಗಿಲ ಕ್ಯಾಮೆರಾ ಎಷ್ಟೋ ತಿಂಗಳುಗಳಿಂದ ಆ ವಾದನದ ಧ್ವನಿಯನ್ನು ತನಗರಿವಿಲ್ಲದೆ ಹಿಡಿದಿಟ್ಟಿದೆ. ಯಂತ್ರಮಾನವ ಅದೆಲ್ಲವನ್ನೂ ಕೇಳಿ, ಕೊನೆಯ ರಾತ್ರಿ ಉಳಿದ ರಾತ್ರಿಗಳಿಗಿಂತ ಎಲ್ಲೆಲ್ಲಿ ಭಿನ್ನವಾಗಿತ್ತು ಎಂಬ ಉದ್ದನೆಯ ಪಟ್ಟಿ ಕೊಡುತ್ತದೆ: ಫ್ಯಾನಿನ ಸದ್ದು ಇರಲಿಲ್ಲ, ಎರಡನೆಯ ತಂತಿಯ ಶ್ರುತಿ ಕೊಂಚ ಇಳಿದಿತ್ತು, ನಡುವೆ ಬೀದಿಯಲ್ಲಿ ವಾಹನವೊಂದು ನಿಂತು ಹೋಯಿತು, ಕೊನೆಯ ರಚನೆಯ ಗತಿ ತುಸು ನಿಧಾನವಾಗಿತ್ತು, ಹೀಗೆ ಮುಂದುವರಿದು ಇನ್ನೂ ಹತ್ತಾರು. ಎಲ್ಲವೂ ನಿಜ, ಎಲ್ಲವೂ ಅದಕ್ಕೆ ಸಮಾನ ತೂಕದವು.

ಮರುದಿನ ಪತ್ತೇದಾರನು ವಾದಕರ ಶಿಷ್ಯೆಯೊಬ್ಬಳೊಡನೆ ಮಾತನಾಡುವಾಗ, ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಗುರುಗಳು ಪಾಠವನ್ನೇ ನಿಲ್ಲಿಸಿ ಕಿವಿ ಹಿಂಡುತ್ತಿದ್ದರೆಂದು ಅವಳು ಅಳುತ್ತ ನೆನೆಯುತ್ತಾಳೆ. ಆಗ ಅವನಿಗೆ ಪಟ್ಟಿಯ ಎರಡನೆಯ ಸಾಲು ಕಣ್ಣಿಗೆ ಕಟ್ಟುತ್ತದೆ. ಅಂಥವರು ಒಂದಿಡೀ ಗಂಟೆ ತಪ್ಪು ಶ್ರುತಿಯಲ್ಲಿ ನುಡಿಸಲಾರರು. ಹಾಗಾದರೆ ನುಡಿಸಿದ್ದು ಅವರಲ್ಲ. ಇಲ್ಲಿ ಅವನ ಊಹೆ ಅರ್ಧ ಮಾತ್ರ ಸರಿಯಾಗಿರಲಿ. ಯಂತ್ರಮಾನವ ಕಮಾನಿನ ಎಳೆತವನ್ನೂ ಬೆರಳುಗಳ ನಡುವಿನ ಕಾಲಾಂತರವನ್ನೂ ಹಳೆಯ ರಾತ್ರಿಗಳೊಂದಿಗೆ ಹೋಲಿಸಿ, ನುಡಿಸಿದವರು ಖಂಡಿತವಾಗಿ ಅವರೇ ಎಂದು ಹೇಳುತ್ತದೆ. ಈಗ ಇಬ್ಬರ ಮಾತೂ ನಿಜವಾಗಬೇಕಾದರೆ ಉಳಿಯುವ ಅರ್ಥ ಒಂದೇ: ಅವರು ತಿಳಿದೂ ತಿಳಿದೂ ಶ್ರುತಿಯನ್ನು ಸರಿಪಡಿಸದೆ ಬಿಟ್ಟರು. ಕೋಣೆಯಲ್ಲಿ ಇನ್ನೊಬ್ಬರಿದ್ದರು, ಎಲ್ಲವೂ ಎಂದಿನಂತೆಯೇ ಕೇಳಿಸಲೆಂದು ವಾದಕರನ್ನು ಬೆದರಿಸಿ ನುಡಿಸುವಂತೆ ಮಾಡಿದ್ದರು, ಮತ್ತು ಸಂಗೀತ ಬಲ್ಲ ಕಿವಿಯೊಂದಾದರೂ ಈ ತಪ್ಪನ್ನು ಗುರುತಿಸಲಿ ಎಂದು ವಾದಕರು ಆಶಿಸಿದ್ದರು. ಸೋದರಳಿಯನಿಗೆ ಸಂಗೀತದ ಗಂಧವಿಲ್ಲ ಎಂಬುದನ್ನು ನೀವು ಮೊದಲೇ ತೋರಿಸಿದ್ದರೆ ಅವನ ಹತ್ತು ಗಂಟೆಯ ಮಾತು ಅಲ್ಲಿಯೇ ಅಲುಗಾಡಲು ಆರಂಭಿಸುತ್ತದೆ. ಯಂತ್ರವಿಲ್ಲದೆ ಇಳಿದ ಶ್ರುತಿ ಯಾರ ಗಮನಕ್ಕೂ ಬರುತ್ತಿರಲಿಲ್ಲ, ಮನುಷ್ಯನಿಲ್ಲದೆ ಅದು ಪಟ್ಟಿಯ ಒಂದು ಸಾಲಾಗಿಯೇ ಉಳಿಯುತ್ತಿತ್ತು, ಮತ್ತೆ ಯಂತ್ರವಿಲ್ಲದಿದ್ದರೆ ಮನುಷ್ಯನು ತಪ್ಪು ತೀರ್ಮಾನಕ್ಕೆ ಜಾರುತ್ತಿದ್ದನು. ನಿಮ್ಮ ಮುಖ್ಯ ಸುಳಿವು ಹೀಗೆ ಕನಿಷ್ಠ ಮೂರು ಸಲ ಕೈ ಬದಲಿಸಿದರೆ ಜೊತೆಗಾರಿಕೆಯ ಬಗ್ಗೆ ನೀವು ಬೇರೆಯಾಗಿ ಒಂದು ಮಾತನ್ನೂ ಬರೆಯಬೇಕಾಗಿಲ್ಲ.

ಮೇಲಿನ ಪಟ್ಟಿಯಲ್ಲಿ ಇನ್ನೊಂದು ಅನುಕೂಲವೂ ಇದೆ. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಸುಳಿವನ್ನು ಮರೆಮಾಡುವುದು ಕಷ್ಟ, ಏಕೆಂದರೆ ಹೇಳಿದ ವಿವರವೆಲ್ಲ ಓದುಗನಿಗೆ ಅನುಮಾನಾಸ್ಪದವಾಗಿ ತೋರುತ್ತದೆ. ಎಲ್ಲವನ್ನೂ ವರದಿ ಮಾಡುವುದೇ ಸ್ವಭಾವವಾಗಿರುವ ಪಾತ್ರವೊಂದಿದ್ದರೆ ಸುಳಿವನ್ನು ಬಟ್ಟಬಯಲಿನಲ್ಲಿಯೇ ಇಡಬಹುದು. ಅದು ಪಟ್ಟಿಯ ತುದಿಯಲ್ಲಿರದೆ ನಡುವೆ ಎಲ್ಲೋ ಇರಲಿ. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಲೇಖಕರು 1929ರಲ್ಲಿ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮಗಳನ್ನು ಹಾಕಿಕೊಟ್ಟಾಗ, ಪತ್ತೇದಾರನ ಜೊತೆಗಾರನು ತನ್ನ ಮನಸ್ಸಿಗೆ ಬಂದ ಯಾವ ಯೋಚನೆಯನ್ನೂ ಓದುಗನಿಂದ ಮುಚ್ಚಿಡಬಾರದು ಎಂಬುದನ್ನೂ ಸೇರಿಸಿದ್ದರು. ಯಂತ್ರಮಾನವನನ್ನೇ ನಿರೂಪಕನನ್ನಾಗಿ ಮಾಡುವ ಆಸೆ ನಿಮಗಿದ್ದರೆ ಈ ನಿಯಮ ಉರುಳಾಗುತ್ತದೆ. ಅದರ ಮನಸ್ಸಿಗೆ ಬರುವುದೆಲ್ಲವನ್ನೂ ಬರೆದರೆ ಪುಸ್ತಕ ಮುಗಿಯದು, ಆಯ್ದು ಬರೆದರೆ ಆಯ್ಕೆಯೇ ಉತ್ತರವನ್ನು ಬಿಟ್ಟುಕೊಡುತ್ತದೆ. ಹೊಸಬರು ಮನುಷ್ಯನ ದೃಷ್ಟಿಯಿಂದಲೇ ಕಥೆ ಹೇಳುವುದು ಲೇಸು.

ವಿಚಾರಣೆಯ ದೃಶ್ಯಗಳಿಗೆ ವಿಶೇಷ ಶ್ರಮ ಹಾಕಿ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ವಾಹನ ಅಪಘಾತದ ಚಲನಚಿತ್ರವನ್ನು ಕಂಡವರು, ಪ್ರಶ್ನೆಯಲ್ಲಿ ಬಳಸಿದ ಕ್ರಿಯಾಪದ ಎಷ್ಟು ಬಿರುಸಾಗಿತ್ತೋ ಅಷ್ಟು ಹೆಚ್ಚು ವೇಗವನ್ನು ಅಂದಾಜಿಸಿದರು. ಸಾಕ್ಷಿಯ ನೆನಪು ಪ್ರಶ್ನೆ ಕೇಳುವವನ ಮಾತಿನಿಂದಲೇ ಬದಲಾಗಬಲ್ಲದು. ತನ್ನ ನೆನಪು ಎಂದೂ ಬದಲಾಗದ ಯಂತ್ರಮಾನವ ಇದನ್ನು ಪುಸ್ತಕದಿಂದ ತಿಳಿದಿದ್ದರೂ, ನಿಖರವಾದ ಮಾತಿನ ಹಂಬಲದಿಂದ “ಅವರು ಎಷ್ಟು ಗಂಟೆಗೆ ಓಡಿಹೋದರು?” ಎಂದು ಕೇಳಿ, ನಡೆದುಹೋದವನನ್ನು ಸಾಕ್ಷಿಯ ನೆನಪಿನಲ್ಲಿ ಓಡಿಸಿಬಿಡಬಹುದು. ಅದರ ಇರವು ಕೂಡ ಉತ್ತರಗಳನ್ನು ಬದಲಿಸುತ್ತದೆ. ಮನುಷ್ಯನನ್ನು ಬಹುಮಟ್ಟಿಗೆ ಹೋಲುವ, ಆದರೆ ಪೂರ್ತಿ ಹೋಲದ ಆಕೃತಿ ನೋಡುವವರಲ್ಲಿ ಅಳುಕು ಹುಟ್ಟಿಸುತ್ತದೆಂದು ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ ಅವರು 1970ರಲ್ಲಿಯೇ ಬರೆದಿದ್ದರು. ಕೆಲವು ಸಾಕ್ಷಿಗಳು ಅದರ ಮುಂದೆ ಬಾಯಿ ಕಟ್ಟಿದವರಂತೆ ಕೂರಲಿ. ಇನ್ನು ಕೆಲವರು, ತಮ್ಮನ್ನು ಅಳೆದು ತೂಗಿ ನೋಡುವ ಮನುಷ್ಯರ ಮುಂದೆ ಹೇಳಲಾಗದ್ದನ್ನು ಅದರ ಮುಂದೆ ನಿರಾಳವಾಗಿ ಹೇಳಲಿ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ನಿರ್ಧಾರವನ್ನು ಮೊದಲ ವಾಕ್ಯದಲ್ಲಿಯೇ ಮಾಡಬೇಕಾಗುತ್ತದೆ. ನಮ್ಮ ಕ್ರಿಯಾಪದಗಳಿಗೆ ಲಿಂಗವಿರುವುದರಿಂದ ಯಂತ್ರಮಾನವ “ಬಂದಿತು”, “ಬಂದನು” ಅಥವಾ “ಬಂದರು” ಎಂಬುದರಲ್ಲಿ ಒಂದನ್ನು ಆರಿಸದೆ ಮುಂದೆ ಹೋಗುವಂತಿಲ್ಲ. ಇದನ್ನು ಹೊರೆಯೆಂದು ಭಾವಿಸದೆ ಪಾತ್ರಚಿತ್ರಣದ ಸಾಧನವಾಗಿ ಬಳಸಿಕೊಳ್ಳಿ. ನಿರೂಪಣೆಯಲ್ಲಿ ಪತ್ತೇದಾರನು ಬಹುಕಾಲ “ಅದು” ಎನ್ನಲಿ. ಶಿಷ್ಯೆ ಮೊದಲ ಭೇಟಿಯಲ್ಲಿಯೇ “ಅವರು” ಎನ್ನಲಿ. ಮೇಲಧಿಕಾರಿ ಅದನ್ನು ಎದುರಿಗಿಟ್ಟುಕೊಂಡೇ ಯಂತ್ರವೆಂದು ಮಾತನಾಡಲಿ. ಪತ್ತೇದಾರನು ಅದನ್ನು “ನೀನು” ಎಂದು ಕರೆದು, ಅದು ಅವನನ್ನು “ತಾವು” ಎಂದು ಕರೆದರೆ ಅವರಿಬ್ಬರ ನಡುವಿನ ಅಂತರ ಪ್ರತಿ ಸಂಭಾಷಣೆಯಲ್ಲಿಯೂ ತಾನಾಗಿ ಕಾಣಿಸುತ್ತದೆ. ಮುಂದೆ ಎಂದಾದರೂ ಸರ್ವನಾಮ ಬದಲಾಗುವುದಾದರೆ ಅದನ್ನು ವಿವರಿಸಲು ಹೋಗಬೇಡಿ, ಓದುಗನು ಗಮನಿಸಿಯೇ ಗಮನಿಸುತ್ತಾನೆ.

ಕಥೆ ನ್ಯಾಯಾಲಯದವರೆಗೆ ಹೋಗುವುದಾದರೆ ಯಂತ್ರಮಾನವ ಸಾಕ್ಷಿಯೋ ಸಾಕ್ಷ್ಯವೋ ಎಂಬುದನ್ನು ಮುಂಚೆಯೇ ತೀರ್ಮಾನಿಸಿಕೊಳ್ಳಿ. ಸಾಕ್ಷಿಯಾದರೆ ಅದನ್ನು ಪಾಟೀಸವಾಲಿಗೆ ಒಳಪಡಿಸಬಹುದು. ಸಾಕ್ಷ್ಯವಾದರೆ ಅದರ ಸ್ಮೃತಿಯನ್ನು ಪ್ರತಿ ತೆಗೆದು, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಯೊಂದಿಗೆ ಮೊಹರು ಮಾಡಿ ಇಡಬೇಕು. ಆ ಪ್ರತಿಯಲ್ಲಿ ಪತ್ತೇದಾರನ ಖಾಸಗಿ ಮಾತುಗಳೂ ಇರುತ್ತವೆ, ಎದುರಾಳಿ ವಕೀಲರು ಅವನ್ನೂ ಓದುತ್ತಾರೆ. ಒಡಂಬಡಿಕೆಯಲ್ಲಿ ಬರೆದ ಆ ಪ್ರಶ್ನೆಗೆ, ಅಂದರೆ ದಾಖಲೆಯನ್ನು ಯಾರು ಓದಬಲ್ಲರು ಎಂಬುದಕ್ಕೆ, ಕಥೆಯಲ್ಲಿ ಬೆಲೆ ತೆರಬೇಕಾದ ಜಾಗ ಇದೇ.

ಒಗಟು ಬಿಚ್ಚಿಕೊಳ್ಳುವ ಅಧ್ಯಾಯದಲ್ಲಿ ಒಬ್ಬರೇ ನಿಂತು ಎಲ್ಲವನ್ನೂ ವಿವರಿಸುವಂತೆ ಬರೆಯಬೇಡಿ. ಯಂತ್ರಮಾನವ ಏನಾಯಿತು ಎಂಬುದನ್ನು ಕ್ಷಣದ ಲೆಕ್ಕದಲ್ಲಿ ಹೇಳಲಿ, ಪತ್ತೇದಾರನು ಏಕಾಯಿತು ಎಂಬುದನ್ನು ಹೇಳಲಿ, ಮತ್ತು ಇಬ್ಬರಲ್ಲಿ ಯಾರೂ ಮುಂಚಿತವಾಗಿ ಮಾತಾಡಿಕೊಳ್ಳದಿದ್ದರೂ ಒಬ್ಬರ ವಾಕ್ಯ ನಿಂತಲ್ಲಿಂದ ಇನ್ನೊಬ್ಬರದು ಮುಂದುವರಿಯಲಿ. ಹಸ್ತಪ್ರತಿ ಮುಗಿದ ಮೇಲೆ ಯಂತ್ರಮಾನವನ ಸಾಲುಗಳನ್ನಷ್ಟೇ ಆರಿಸಿ ಬೇರೆಯಾಗಿ ಓದಿ ನೋಡಿ. ಅವುಗಳಿಂದಲೇ ಅಪರಾಧಿ ಗೊತ್ತಾಗುವಂತಿದ್ದರೆ ಸುಳಿವುಗಳನ್ನು ಮತ್ತೆ ಹಂಚಬೇಕು. ಪತ್ತೇದಾರನ ಸಾಲುಗಳನ್ನೂ ಹಾಗೆಯೇ ಓದಿ ನೋಡಿ.